ಪರಿಮಳದ ಹೀಲಿಯೋಟ್ರೋಪ್ ಗಿಡವನ್ನು ಬೀಜದಿಂದ ಬೆಳೆಸುವುದು



ಆಕಾಶವಾಣಿಯು ಧ್ವನಿಯನ್ನು ಮನೆಮನೆಗೆ ಮುಟ್ಟಿಸಬಲ್ಲುದು. ಪರಿಮಳವನ್ನು ಮುಟ್ಟಿಸುವ ಶಕ್ತಿ ಅದಕ್ಕಿನ್ನೂ ಬಂದಿಲ್ಲ. ಆದುದರಿಂದ ಈ ಸಂಜೆ ನಾವು ಒಂದು ಸುಗಂಧಪುಷ್ಪವನ್ನು ಕುರಿತು ಮಾತನಾಡಲು ಕುಳಿತಿರುವುದು ಸ್ವಲ್ಪ ಸಾಹಸದ ಕೆಲಸವೇ ಸರಿ. ಹೂವನ್ನು ತಮ್ಮ ಮುಂದೆ ಇಡಲಾರೆವು. ಅದನ್ನು ತಾವೇ ಬೆಳೆಸಿಕೊಳ್ಳುವ ಕ್ರಮವನ್ನು ಮಾತ್ರ ಅರಿಕೆ ಮಾಡಬಲ್ಲೆವು. ಜೊತೆಗೆ, ಈ ಗಿಡದ ವಿಷಯದಲ್ಲಿ ನಾವು ಮಾಡಿದ ಒಂದು ತಪ್ಪನ್ನೂ ಮರೆಮಾಚದೆ ಹೇಳುವೆವು.

ಹೀಲಿಯೋಟ್ರೋಪ್ ಎಂಬುದು ಗ್ರೀಕ್ ಮೂಲದ ಮಾತು. ಸೂರ್ಯನ ಕಡೆಗೆ ತಿರುಗುವುದು ಎಂದು ಅದರ ಅರ್ಥ. ಸೂರ್ಯದೇವನನ್ನು ಪ್ರೀತಿಸಿದ ಕ್ಲೈಟಿ ಎಂಬ ಕನ್ಯೆಯು ಒಂಬತ್ತು ದಿನ ಅನ್ನನೀರುಗಳನ್ನು ತೊರೆದು, ಅವನ ರಥದ ದಾರಿಯನ್ನೇ ನೋಡುತ್ತ ಕುಳಿತು, ಕೊನೆಗೆ ಹೂವಾಗಿ ಮಾರ್ಪಟ್ಟಳೆಂದು ರೋಮಿನ ಕವಿ ಓವಿಡ್ಡನು ಹೇಳಿರುವನು. ಆದರೆ ಆತನು ಕಂಡ ಹೂವು ಬೇರೆ, ಇಂದು ನಾವು ಕುಂಡಗಳಲ್ಲಿ ಬೆಳೆಸುವ ಹೂವು ಬೇರೆ. ನಮ್ಮದು ದಕ್ಷಿಣ ಅಮೆರಿಕದ ಪೆರು ದೇಶದ ಗಿಡ. ಓವಿಡ್ಡನಿಗೆ ಆ ಖಂಡವೇ ತಿಳಿಯದು. ಸೂರ್ಯನನ್ನು ಹಿಂಬಾಲಿಸಿ ತಿರುಗುವ ಗುಣವನ್ನೂ ನಾವು ಅದರಲ್ಲಿ ಕಂಡಿಲ್ಲ. ಹೆಸರು ಮಾತ್ರ ಹಳೆಯ ಕಥೆಯಿಂದ ಬಂದು ಅಂಟಿಕೊಂಡಿದೆ.

ಪೆರುವಿನಿಂದ ಇದು ಹೊರಲೋಕಕ್ಕೆ ಬಂದ ವೃತ್ತಾಂತವು ಸ್ವಾರಸ್ಯವಾಗಿಯೂ ಕರುಣಾಜನಕವಾಗಿಯೂ ಇದೆ. ಭೂಮಿಯ ಆಕಾರವನ್ನು ನಿರ್ಣಯಿಸಲು 1735ರಲ್ಲಿ ಫ್ರಾನ್ಸಿನಿಂದ ಒಂದು ವಿದ್ವಾಂಸರ ತಂಡವು ದಕ್ಷಿಣ ಅಮೆರಿಕಕ್ಕೆ ಹೊರಟಿತು. ಅದರಲ್ಲಿ ಜೋಸೆಫ್ ದ ಜೂಸ್ಯೂ ಎಂಬ ಸಸ್ಯಶಾಸ್ತ್ರಜ್ಞನಿದ್ದನು. ಜೊತೆಯವರು ಕೆಲಸ ಮುಗಿಸಿ ಹಿಂತಿರುಗಿದರೂ ಆತನು ಕಾಡುಬೆಟ್ಟಗಳಲ್ಲಿಯೇ ಉಳಿದನು. ಈ ಗಿಡದ ಬೀಜಗಳನ್ನು ಪ್ಯಾರಿಸ್ಸಿನ ರಾಜೋದ್ಯಾನಕ್ಕೆ ಕಳುಹಿಸಿದವನು ಆತನೇ. 1759ರಲ್ಲಿ ಲಿನ್ನೇಯಸ್ ಪಂಡಿತನು ಇದಕ್ಕೆ ಹೀಲಿಯೋಟ್ರೋಪಿಯಂ ಆರ್ಬೊರೆಸೆನ್ಸ್ ಎಂದು ಶಾಸ್ತ್ರೀಯ ನಾಮಕರಣ ಮಾಡಿದನು. ಜೂಸ್ಯೂ ತನ್ನ ದೇಶಕ್ಕೆ ಹಿಂತಿರುಗಿದುದು 1771ರಲ್ಲಿ, 36 ವರ್ಷಗಳ ತರುವಾಯ. ಅಷ್ಟರಲ್ಲಿ ಶರೀರವು ಸೋತು, ಸ್ಮರಣಶಕ್ತಿಯು ಅಳಿದುಹೋಗಿತ್ತು. ಎಂಟು ವರ್ಷಗಳ ಮೇಲೆ ಆತನು ತೀರಿಕೊಂಡನು. ಆ ಮನುಷ್ಯನ ನೆನಪು ಮಾಸಿತು. ಆತನು ಕಳುಹಿಸಿದ ಬೀಜದ ಸಂತತಿಯು ಲೋಕದ ತೋಟಗಳಲ್ಲೆಲ್ಲ ಹರಡಿತು.

ಈ ಗಿಡದ ಬಂಧುವೊಂದು ನಮ್ಮ ನಾಡಿನಲ್ಲಿಯೂ ಉಂಟು. ಕೆರೆಯಂಗಳಗಳಲ್ಲಿ, ಪಾಳು ನೆಲಗಳಲ್ಲಿ ತಾನಾಗಿ ಹುಟ್ಟಿ, ಚೇಳಿನ ಕೊಂಡಿಯಂತೆ ಸುರುಳಿ ಸುತ್ತಿದ ಹೂಗೊಂಚಲನ್ನು ಎತ್ತಿ ನಿಲ್ಲುವ ಕಳೆಯನ್ನು ತಾವು ಕಂಡಿರಬಹುದು. ಆ ಗೊಂಚಲು ಆನೆಯ ಸೊಂಡಿಲಿನಂತೆ ತೋರಿದುದರಿಂದ ಸಂಸ್ಕೃತದಲ್ಲಿ ಅದಕ್ಕೆ ಹಸ್ತಿಶುಂಡಿ ಎಂದು ಹೆಸರು. ಅದು ಒಣಗಿ ಬಿದ್ದಾಗ ಹುಲಿಪಟ್ಟೆಯ ಚಿಟ್ಟೆಗಳು ಬಂದು ಮುತ್ತುವುವು. ಅವುಗಳಲ್ಲಿ ಹೆಚ್ಚಿನವು ಗಂಡುಚಿಟ್ಟೆಗಳು. ಗಿಡದಲ್ಲಿರುವ ಕೆಲವು ವಿಷಸತ್ತ್ವಗಳನ್ನು ಹೀರಿ, ಅವುಗಳಿಂದ ಹೆಣ್ಣನ್ನು ಒಲಿಸಿಕೊಳ್ಳುವ ಗಂಧವನ್ನು ತಮ್ಮ ಶರೀರದಲ್ಲಿ ಸಿದ್ಧಪಡಿಸಿಕೊಳ್ಳುವುವು. ಪೆರುವಿನ ಗಿಡದಲ್ಲಿಯೂ ಇಂತಹ ವಿಷಸತ್ತ್ವಗಳಿವೆ; ಅವು ಯಕೃತ್ತಿಗೆ ಹಾನಿಕರ. ಆದುದರಿಂದ ಕತ್ತರಿಸಿದ ರೆಂಬೆಗಳನ್ನು ಹಸುಕರುಗಳ ಮುಂದೆ ಹಾಕಕೂಡದು. ಮಕ್ಕಳು ಎಲೆಯನ್ನು ಬಾಯಿಗಿಡದಂತೆಯೂ ನೋಡಿಕೊಳ್ಳತಕ್ಕದ್ದು.

ಇನ್ನು ಪರಿಮಳದ ಮಾತು. ಅದು ಮಲ್ಲಿಗೆಯದರಂತೆ ದೂರದಿಂದ ಕೂಗಿ ಕರೆಯುವುದಲ್ಲ; ಬಳಿಗೆ ಹೋದವರಿಗೆ ಒಲಿಯುವುದು. ವೆನಿಲ್ಲಾದ ಸವಿಯೂ ಬಾದಾಮಿಯ ನೆನಪೂ ಅದರಲ್ಲಿ ಬೆರೆತಿರುವುವು. ಇದಕ್ಕೂ ನಮ್ಮ ಮಲೆನಾಡಿನ ಕರಿಮೆಣಸಿಗೂ ಒಂದು ಸಂಬಂಧವಿದೆಯೆಂದರೆ ತಾವು ಆಶ್ಚರ್ಯಪಡಬಹುದು. ಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನ್ ಎಂಬ ಸತ್ತ್ವವನ್ನು 1819ರಲ್ಲಿ ಡೆನ್ಮಾರ್ಕಿನ ಎರ್ಸ್ಟೆಡ್ಡನು ಬೇರ್ಪಡಿಸಿದನು. 1869ರಲ್ಲಿ ಜರ್ಮನಿಯ ಫಿಟ್ಟಿಗ್ ಮತ್ತು ಅವನ ಸಹೋದ್ಯೋಗಿಯು ಆ ಸತ್ತ್ವದಿಂದ ಹೊರಟು ಪೈಪರೋನಾಲ್ ಎಂಬ ಬಿಳಿಯ ಹರಳನ್ನು ಪಡೆದರು. ಮೂಗಿಗೆ ಹಿಡಿದರೆ ಮೆಣಸಿನ ಘಾಟಿಲ್ಲ. ಹೀಲಿಯೋಟ್ರೋಪ್ ಹೂವಿನ ಕಂಪು! ಅದಕ್ಕೇ ಗಂಧದ ವ್ಯಾಪಾರಿಗಳು ಅದನ್ನು ಹೀಲಿಯೋಟ್ರೋಪಿನ್ ಎಂದು ಕರೆದರು. ಮೆಣಸಿನ ಸತ್ತ್ವವನ್ನು ಕಂಡ ಎರ್ಸ್ಟೆಡ್ಡನೇ ಮರುವರ್ಷ, 1820ರಲ್ಲಿ, ವಿದ್ಯುತ್ಪ್ರವಾಹವು ಕಾಂತಸೂಜಿಯನ್ನು ಅಲುಗಿಸುವುದನ್ನು ಕಂಡನು. ನಮ್ಮ ಮಾತು ಈಗ ತಮ್ಮ ಕಿವಿಗೆ ತಲುಪುತ್ತಿರುವ ವಿದ್ಯೆಗೆ ಅಡಿಗಲ್ಲುಗಳಲ್ಲಿ ಅದೂ ಒಂದು.

ಈಗ ಬಿತ್ತನೆಯ ಕ್ರಮವನ್ನು ಹೇಳುವೆವು. ನಮ್ಮ ಮೈಸೂರು ಸೀಮೆಯಲ್ಲಿ ಮಳೆಗಾಲವು ಹಿಂದಾಗುವ ಆಶ್ವಯುಜ ಮಾಸವೇ ಇದಕ್ಕೆ ತಕ್ಕ ಕಾಲ. ವಿಜಯದಶಮಿಯಂದು ಬಿತ್ತಿದರೆ ರಥಸಪ್ತಮಿಯ ವೇಳೆಗೆ, ಎಂದರೆ ಸುಮಾರು 16 ವಾರಗಳಿಗೆ, ಮೊದಲನೆಯ ಹೂವನ್ನು ನಿರೀಕ್ಷಿಸಬಹುದು. ಸೂರ್ಯನ ಹೆಸರು ಹೊತ್ತ ಹೂವು ಸೂರ್ಯನ ಹಬ್ಬಕ್ಕೆ ಅರಳುವುದು ಉಚಿತವೇ ಆಗಿದೆ.

ಬೀಜವು ಬಹು ಸಣ್ಣದು. ಒಂದು ಗ್ರಾಂ ತೂಕಕ್ಕೆ ಸಾವಿರಕ್ಕೂ ಮೇಲ್ಪಟ್ಟು ಬರುವುದು. ಅಗಲವಾದ ಮಣ್ಣಿನ ತಟ್ಟೆಗೆ ತಳದಲ್ಲಿ ತೂತುಗಳಿರಲಿ. ಒಂದು ಪಾಲು ಜರಡಿ ಹಿಡಿದ ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ, ಒಂದು ಪಾಲು ಮರಳು ಬೆರೆಸಿ ತುಂಬಿ, ಕುದಿಯುವ ನೀರನ್ನು ಅದರ ಮೇಲೆ ಹೊಯ್ದು ಆರಲು ಬಿಡಬೇಕು. ಎಳೆಯ ಸಸಿಗಳ ಕಾಂಡವನ್ನು ಕೊಳೆಯಿಸುವ ಬೂಷ್ಟು ಇದರಿಂದ ಬಹುಮಟ್ಟಿಗೆ ತಗ್ಗುವುದು. ಬೀಜವನ್ನು ಒಂದು ಚಿಟಿಕೆ ಮರಳಿನೊಡನೆ ಕಲೆಸಿ ಮೇಲೆ ಉದುರಿಸಿ, ಬೆರಳಿನಿಂದ ಮೆಲ್ಲನೆ ಅದುಮಿದರೆ ಸಾಕು. ಮೇಲೆ ಮಣ್ಣು ಮುಚ್ಚುವುದಾದರೆ ಕಾಣಿಯೂ ಕಾಣದಷ್ಟು ತೆಳುವಾಗಿರಬೇಕು. ನೀರನ್ನು ಮೇಲಿನಿಂದ ಹೊಯ್ಯದೆ, ತಟ್ಟೆಯನ್ನು ನೀರಿನ ಪಾತ್ರೆಯಲ್ಲಿ ಇಳಿಸಿ ಕೆಳಗಿನಿಂದ ಹೀರಿಕೊಳ್ಳಲು ಬಿಡಬೇಕು. ಮೇಲೊಂದು ಗಾಜಿನ ಹಲಗೆಯನ್ನಿಟ್ಟು, ಬೆಳಕಿದ್ದು ಬಿಸಿಲು ಬೀಳದ ಕಡೆ ಇರಿಸತಕ್ಕದ್ದು.

ಇನ್ನು ಮುಂದೆ ಬೇಕಾದುದು ಸಹನೆ. ಉಷ್ಣತೆಯು ಸೆಂಟಿಗ್ರೇಡಿನ 21ರಿಂದ 24 ಡಿಗ್ರಿಗಳಲ್ಲಿದ್ದರೂ ಮೊಳಕೆಗಳು ಒಟ್ಟಿಗೆ ಏಳವು. ಒಂದು ವಾರಕ್ಕೆ ಎರಡು, ಮೂರು ವಾರಕ್ಕೆ ಹತ್ತು, ಮತ್ತೆ ಕೆಲವು ತಿಂಗಳು ತುಂಬಿದ ಮೇಲೆ, ಹೀಗೆ ತಮಗೆ ಬೇಕಾದಾಗ ತಲೆಯೆತ್ತುವುವು. ಹದಿನೈದು ದಿನ ಕಾದು, ಬೀಜ ಕೆಟ್ಟುದೆಂದು ತಟ್ಟೆಯನ್ನು ಕವುಚಿಬಿಟ್ಟವರು ಎಷ್ಟೋ ಮಂದಿ. ಆರು ವಾರಗಳವರೆಗಾದರೂ ಕೈ ಮುಟ್ಟದಿರುವುದು ವಿವೇಕ. ಮೊದಲ ಮೊಳಕೆ ಕಂಡೊಡನೆ ಗಾಜನ್ನು ತುಸು ಓರೆಮಾಡಿ ಗಾಳಿಯಾಡಲು ಬಿಡಬೇಕು.

ನಿಜವಾದ ಎಲೆಗಳು ಎರಡು ಜೊತೆ ಮೂಡಿದ ತರುವಾಯ ಸಸಿಯನ್ನು ಎಲೆಯಲ್ಲಿ ಹಿಡಿದು, ಕಾಂಡವನ್ನು ಹಿಸುಕದೆ ಎತ್ತಿ, 3 ಅಂಗುಲದ ಕುಂಡಕ್ಕೆ ನೆಡಬೇಕು. ಬೇರು ತುಂಬಿದ ಮೇಲೆ 8 ಅಂಗುಲದ ಕುಂಡಕ್ಕೆ. ಗಿಡವು 4 ಅಂಗುಲ ಎತ್ತರವಾದಾಗ ತುದಿಯನ್ನು ಚಿವುಟಿದರೆ ಕವಲೊಡೆದು ದಟ್ಟವಾಗುವುದು. ಬೆಳಗಿನ ಬಿಸಿಲು ಧಾರಾಳವಾಗಿ ಬೇಕು. ಮಧ್ಯಾಹ್ನದ ಬಿಸಿಲಿಗೆ ಮರೆ ಬೇಕು. ಮಣ್ಣು ಸದಾ ತೇವವಾಗಿರಬೇಕು, ಕೆಸರಾಗಿರಕೂಡದು. ಒಂದು ದಿನ ಒಣಗಿಸಿದರೆ ಎಲೆಯ ಅಂಚು ಕಪ್ಪಾಗುವುದು. ಬಿಳಿಯ ನೊಣವೂ ಹೇನೂ ಮುತ್ತಿದರೆ ಬೇವಿನೆಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕದಡಿ ಎಲೆಯ ಅಡಿಗೆ ಸಿಂಪಡಿಸಬಹುದು.

ಇಷ್ಟೆಲ್ಲವನ್ನೂ ಶ್ರದ್ಧೆಯಿಂದ ಮಾಡಿ, ನಾವೊಮ್ಮೆ 20 ಗಿಡಗಳನ್ನು ಹೂವಿಗೆ ತಂದೆವು. ಅವುಗಳಲ್ಲಿ ಒಂದು, ದಟ್ಟ ನೇರಿಳೆ ಬಣ್ಣದ, ಅಂಗೈಯಗಲದ ಗೊಂಚಲನ್ನು ಹೊತ್ತು ರಾಜಠೀವಿಯಿಂದ ನಿಂತಿತ್ತು. ಇನ್ನೊಂದು, ಮಾಸಲು ಬಣ್ಣದ ಬಡಕಲು ಗಿಡ. ಮೊದಲನೆಯದನ್ನು ಅಂಗಳದ ನಡುವೆ ಇಟ್ಟು, ಎರಡನೆಯದನ್ನು ಗೊಬ್ಬರದ ಗುಂಡಿಗೆ ಹಾಕಿಸುವುದೆಂದು ನಿಶ್ಚಯಿಸಿದ್ದೆವು.

ನಮ್ಮ ತಾಯಿಯವರಿಗೆ ಕೆಲವು ವರ್ಷಗಳಿಂದ ದೃಷ್ಟಿ ಹೋಗಿದೆ. ಹೂವಾಯಿತೆಂದು ಕೇಳಿ, ಕುಂಡಗಳನ್ನು ಒಂದೊಂದಾಗಿ ಜಗಲಿಗೆ ತರಿಸಿಕೊಂಡರು. ನಮ್ಮ ರಾಜಠೀವಿಯ ಗಿಡವನ್ನು ಮೂಸಿ, "ಇದರಲ್ಲಿ ಏನಿದೆಯಪ್ಪ? ಬರಿಯ ಸೊಪ್ಪಿನ ವಾಸನೆ" ಎಂದು ಪಕ್ಕಕ್ಕೆ ಸರಿಸಿದರು. ಹದಿನೇಳನೆಯದೋ ಹದಿನೆಂಟನೆಯದೋ ಕುಂಡಕ್ಕೆ ಅವರ ಮುಖವು ಅರಳಿತು. "ಪಾಯಸಕ್ಕೆ ಬಾದಾಮಿ ಅರೆದ ಹಾಗಿದೆ. ಇದನ್ನು ನನ್ನ ಕಿಟಕಿಯ ಹತ್ತಿರ ಇಡು" ಎಂದರು. ಅದು ಆ ಬಡಕಲು ಗಿಡ.

ಬೀಜದಿಂದೆದ್ದ ಹೀಲಿಯೋಟ್ರೋಪ್ ಗಿಡಗಳು ಪರಿಮಳದಲ್ಲಿ ಒಂದೇ ಸಮನಾಗಿರುವುದಿಲ್ಲವೆಂಬುದನ್ನು ನಾವು ಓದಿ ತಿಳಿದಿದ್ದೆವು. ಆದರೂ ಕಣ್ಣಿದ್ದುದರಿಂದ ಮೂಗನ್ನು ಮರೆತೆವು. ಬಣ್ಣವನ್ನೂ ಗಾತ್ರವನ್ನೂ ನೋಡಿ ಆರಿಸುವವರ ಕೈಯಲ್ಲಿ ಪರಿಮಳವು ತಲೆಮಾರಿನಿಂದ ತಲೆಮಾರಿಗೆ ಕಡಮೆಯಾಗುವುದು ಹೇಗೆಂಬುದು ಆ ದಿನ ನಮಗೆ ಅರ್ಥವಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ತಾಯಿಯವರು ಆ ಗಿಡದ ಎರಡು ತುದಿಗಳನ್ನು ಪಕ್ಕದ ಮನೆಯ ಹೆಣ್ಣುಮಗಳಿಗೆ ಕೊಡಿಸಿದರು. ಇರುವುದು ಒಂದೇ ಗಿಡ, ಅದನ್ನೇಕೆ ಕತ್ತರಿಸಬೇಕೆಂದು ನಮಗೆ ಒಳಗೊಳಗೇ ಅಸಮಾಧಾನ. ಮುಂದಿನ ಆಷಾಢದಲ್ಲಿ ನಾವು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಮುಳುಗಿ, ಕುಂಡದ ಅಡಿಯ ತಟ್ಟೆಯಲ್ಲಿ ಮಳೆನೀರು ನಿಂತುದನ್ನು ಗಮನಿಸಲಿಲ್ಲ. ಎಂಟು ದಿನಗಳಲ್ಲಿ ಬೇರು ಕೊಳೆತು ಗಿಡ ಸತ್ತಿತು. ತಾಯಿಯವರು ಎರಡು ದಿನ ಕಿಟಕಿಯ ಕಡೆ ಕೈಯಾಡಿಸಿ ಸುಮ್ಮನಾದರು. ನಮ್ಮನ್ನು ಒಂದು ಮಾತೂ ಆಡಲಿಲ್ಲ. ಮೂರನೆಯ ದಿನ ನಾವೇ ಪಕ್ಕದ ಮನೆಯ ಬಾಗಿಲಿಗೆ ಹೋಗಿ, ನಾವು ಒಲ್ಲದ ಮನಸ್ಸಿನಿಂದ ಕೊಟ್ಟುದನ್ನು ಬೇಡಿ ತಂದೆವು. ಈಗ ಕಿಟಕಿಯಲ್ಲಿರುವುದು ಆ ತುದಿಯಿಂದ ಬೆಳೆದ ಗಿಡ.

ಆದುದರಿಂದ ಶ್ರೋತೃಗಳಲ್ಲಿ ನಮ್ಮ ಕೊನೆಯ ಅರಿಕೆ ಇಷ್ಟೆ. ಬೀಜವನ್ನು ಬಿತ್ತಿರಿ, ಹೂವಾದ ಮೇಲೆ ಕಣ್ಣುಮುಚ್ಚಿ ಆರಿಸಿರಿ. ಮೆಚ್ಚಿದ ಗಿಡದಿಂದ ಹೂವಿಲ್ಲದ 3 ಅಂಗುಲದ ತುದಿಗಳನ್ನು ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ತೇವದ ಮರಳಿನಲ್ಲಿ ನೆರಳಿಗೆ ಇಡಿರಿ. ಮೂರು ನಾಲ್ಕು ವಾರಗಳಲ್ಲಿ ಬೇರು ಬಿಡುವುದು. ಹೀಗೆ ಬೆಳೆದ ಗಿಡಕ್ಕೆ ತಾಯಿಗಿಡದ ಪರಿಮಳವೇ ಬರುವುದು. ಆ ತುದಿಗಳಲ್ಲಿ ಎರಡನ್ನಾದರೂ ನೆರೆಮನೆಗೆ ಕೊಡಿರಿ. ತಮ್ಮ ಗಿಡವು ಉಳಿಯುವುದಕ್ಕೆ ಅದಕ್ಕಿಂತ ಭದ್ರವಾದ ಉಪಾಯವನ್ನು ನಾವು ಕಂಡಿಲ್ಲ.