ಕೂಲಿಯ ಲೆಕ್ಕ ಎರಡು ಭಾಷೆಗಳಲ್ಲಿರಲಿ

(ಈಶ್ವರಮಂಗಲದಲ್ಲಿ ಸೇರಿದ್ದ ತೋಟಗಾರರ ಹಾಗೂ ಕೆಲಸಗಾರರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ. ಸಭೆಗೆ ಬರಲಾಗದಿದ್ದ ವಾಚಕರ ಉಪಯೋಗಕ್ಕಾಗಿ ಇಲ್ಲಿ ಕೊಟ್ಟಿದೆ.)



ನಾನು ಕೃಷಿ ಡಿಪ್ಲೊಮಾ ಓದಿದವನು. ಅಡಿಕೆಯ ಕೊಳೆರೋಗ, ಗೊಬ್ಬರದ ಗುಂಡಿ, ಕಾಳುಮೆಣಸಿನ ಬಳ್ಳಿ ಇವುಗಳ ಬಗ್ಗೆ ನಾನು ಮಾತನಾಡುವುದನ್ನು ತಾವು ಕೇಳಿದ್ದೀರಿ. ಇಂದು ತೋಟದಲ್ಲಿ ದುಡಿಯುವ ಕೈಗಳ ವಿಷಯವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಒಡಿಶಾ, ಜಾರ್ಖಂಡ್, ಬಂಗಾಳ, ಅಸ್ಸಾಂಗಳಿಂದ ಬಂದವರು ಈಗ ನಮ್ಮ ತೋಟಗಳಲ್ಲೂ ಕೆಂಪುಕಲ್ಲಿನ ಕೋರೆಗಳಲ್ಲೂ ಹೋಟೆಲುಗಳಲ್ಲೂ ಕೆಲಸ ಮಾಡುತ್ತಿದ್ದಾರೆ. ಅವರಿಗೂ ನಮಗೂ ನಡುವೆ ಬರುವ ಜಗಳಗಳಲ್ಲಿ ಅನೇಕವು ಮೋಸದಿಂದ ಹುಟ್ಟಿದವಲ್ಲ; ಮಾತು ತಿಳಿಯದೆ ಹುಟ್ಟಿದವು.

ನಮ್ಮದು ಗಡಿನಾಡು. ಈಶ್ವರಮಂಗಲದ ಪೇಟೆಯಲ್ಲಿ ಒಂದು ಕಿಲೊ ಬೆಲ್ಲ ಕೊಳ್ಳುವಷ್ಟರಲ್ಲಿ ತುಳು, ಕನ್ನಡ, ಮಲೆಯಾಳ, ಬ್ಯಾರಿ ಮಾತುಗಳೆಲ್ಲ ಕಿವಿಗೆ ಬೀಳುತ್ತವೆ. ಇಲ್ಲಿ ಬೆಳೆದವರಿಗೆ ಇನ್ನೊಬ್ಬರ ಭಾಷೆ ಹೊಸದಲ್ಲ. ‘ಕೂಲಿ’, ‘ಸಂಬಳ’ ಎಂದರೆ ಕಾಸರಗೋಡಿನವನಿಗೂ ತಮಿಳಿನವನಿಗೂ ತಿಳಿಯುತ್ತದೆ. ಒಡಿಯಾದವನೂ ಬಂಗಾಳದವನೂ ‘ಮಜುರಿ’ ಎನ್ನುತ್ತಾರೆ. ನಮ್ಮ ‘ಮಜೂರಿ’ಯೂ ಅದೇ. ಆದರೆ ಒಂದು ಪದ ಹೊಂದಿಕೆಯಾದ ಮಾತ್ರಕ್ಕೆ ಲೆಕ್ಕ ಹೊಂದಿಕೆಯಾಗುವುದಿಲ್ಲ.

ಒಂದು ಪ್ರಕರಣ

ಇತ್ತೀಚೆಗೆ ನಮ್ಮ ಮುಂದೆ ಬಂದ ಒಂದು ವಿಷಯವನ್ನು ಹೆಸರು ಹೇಳದೆ ತಿಳಿಸುತ್ತೇನೆ. ಜಾರ್ಖಂಡಿನ ಒಬ್ಬ ಯುವಕ ಒಂದು ತೋಟದಲ್ಲಿ ಕಳೆ ತೆಗೆಯುವ, ಔಷಧಿ ಸಾಗಿಸುವ ಕೆಲಸ ಮಾಡಿದ್ದನು. ಊರಿಗೆ ಹೋಗುವ ರೈಲಿಗೆ ಮೂರೇ ದಿನ ಉಳಿದಿತ್ತು. ತನ್ನದು 46 ದಿನದ ಕೂಲಿ ಎಂದು ಅವನು ಹೇಳಿದನು. ಮೇಸ್ತ್ರಿಯ ಪುಸ್ತಕದಲ್ಲಿದ್ದುದು 36 ದಿನ. ಅದೂ ಮಲೆಯಾಳದಲ್ಲಿ, ತೋಟದ ಯಜಮಾನರಿಗೂ ಓದಲು ಬಾರದು, ಹುಡುಗನಿಗೂ ಬಾರದು. ಇದಲ್ಲದೆ 2,000 ರೂಪಾಯಿ ಮುಂಗಡದ ವಿವಾದವೊಂದಿತ್ತು.

ಮಾತನಾಡಿಸಲು ಹೋದಾಗ ತಿಳಿದುದೇನೆಂದರೆ, ಅವನ ಮನೆಮಾತು ಸಂತಾಲಿ. ಹಿಂದಿ ಅವನಿಗೂ ನಮ್ಮಷ್ಟೇ ಅರೆಬರೆ. ಉತ್ತರದಿಂದ ಬಂದವರಿಗೆಲ್ಲ ಹಿಂದಿ ಬರುತ್ತದೆಂದು ನಾವು ಭಾವಿಸುವುದುಂಟು, ಅದು ಸರಿಯಲ್ಲ. ಪುತ್ತೂರಿನ ಹೋಟೆಲೊಂದರಲ್ಲಿ ನಾಲ್ಕು ವರ್ಷ ದುಡಿದು ಕನ್ನಡ ಕಲಿತಿದ್ದ ಅವನದೇ ಊರಿನ ಒಬ್ಬರನ್ನು ಕರೆಸಿದೆವು. ಆಗ ಹುಡುಗ ತನ್ನ ಬಿಡಾರದ ಗೋಡೆ ತೋರಿಸಿದನು. ದಿನಕ್ಕೊಂದರಂತೆ ಇದ್ದಿಲಿನ ಗೀಟುಗಳು: ಉದ್ದದವು 36, ಗಿಡ್ಡದವು 10. ಗಿಡ್ಡ ಗೀಟೆಂದರೆ ಮಳೆಯ ಕಾರಣ ಮಧ್ಯಾಹ್ನಕ್ಕೇ ಕೆಲಸ ನಿಂತ ದಿನ. ಅವನು ಅವನ್ನು ಪೂರ್ತಿ ದಿನವೆಂದು ಎಣಿಸಿದ್ದನು. ಮೇಸ್ತ್ರಿ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅರ್ಧ ದಿನಕ್ಕೆ ಅರ್ಧ ಕೂಲಿಯೆಂಬ ಮಾತನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ. ಯಜಮಾನರು ಮಳೆಯ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರು. ಎರಡನ್ನೂ ಹೋಲಿಸಿ 41 ದಿನವೆಂದು ಎಲ್ಲರೂ ಒಪ್ಪಿದರು.

ಮುಂಗಡದ ಗಂಟು ಬಿಚ್ಚಿದ್ದು ಇನ್ನೂ ಸುಲಭ. ಹಿಂದಿಯಲ್ಲಿ ‘ಕಲ್’ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ‘ಎರಡು ಸಾವಿರ, ಕಲ್’ ಎಂದು ಹುಡುಗ ಹೇಳಿದಾಗ ನಾಳೆ ಕೊಡಿ ಎಂದು ಅವನ ಅರ್ಥ. ನಿನ್ನೆ ಮೇಸ್ತ್ರಿಯಿಂದ ತೆಗೆದುಕೊಂಡನೆಂದು ಯಜಮಾನರು ಬರೆದುಕೊಂಡರು. ಮೇಸ್ತ್ರಿಯನ್ನು ವಿಚಾರಿಸಿದಾಗ ಅವರು ಕೊಟ್ಟಿರಲಿಲ್ಲ. ಯಜಮಾನರು ಅಂದೇ ಬಾಕಿಯೆಲ್ಲ ಸಲ್ಲಿಸಿದರು. ಹುಡುಗ ರೈಲು ಹತ್ತಿದನು. ಕಾಗದವೊಂದು ಮೊದಲೇ ಇದ್ದಿದ್ದರೆ ಈ ಪಂಚಾಯತಿಕೆ ಬೇಕಿರಲಿಲ್ಲ.

ಹಿಂದೆ ಬಂದವರಿಂದ ಕಲಿಯತಕ್ಕದ್ದು

ಪರಭಾಷೆಯ ದುಡಿಮೆಗಾರರು ನಮ್ಮ ಸೀಮೆಗೆ ಬಂದುದು ಇದೇ ಮೊದಲಲ್ಲ. 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಿಕೆ ಅವರ ನಡುವೆ ಒಪ್ಪಂದವಾಯಿತು. ಸಿಲೋನಿನ ತೋಟಗಳಲ್ಲಿದ್ದ ಭಾರತ ಮೂಲದವರಲ್ಲಿ 5,25,000 ಮಂದಿಯನ್ನು ಭಾರತವು ಸ್ವೀಕರಿಸುವುದೆಂದು ನಿಶ್ಚಯವಾಯಿತು. ಹಾಗೆ ಬಂದ ತಮಿಳು ಕುಟುಂಬಗಳಲ್ಲಿ ಹಲವಕ್ಕೆ ಸುಳ್ಯ, ಪುತ್ತೂರು, ಕಡಬ ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆ ದೊರೆಯಿತು. ಅವರು ನಸುಕಿನಲ್ಲಿ ಎದ್ದು ರಬ್ಬರ್ ಹಾಲು ತೆಗೆದರು. ಅವರ ಕೈಯಲ್ಲಿದ್ದ ಕಾಗದಪತ್ರ ಬೇರೆ ಭಾಷೆಯದು, ಕಚೇರಿಯ ಅರ್ಜಿ ಕನ್ನಡದ್ದು. ಜಾತಿ ಪ್ರಮಾಣಪತ್ರದಂತಹ ಒಂದು ಕಾಗದಕ್ಕಾಗಿ ಅವರು ವರ್ಷಗಟ್ಟಲೆ ಅಲೆಯಬೇಕಾಯಿತು. ಅವರ ಮೊಮ್ಮಕ್ಕಳು ಇಂದು ಕನ್ನಡ ಶಾಲೆಗಳಲ್ಲಿ ಓದಿ ಎರಡೂ ಭಾಷೆಗಳಲ್ಲಿ ನಿರರ್ಗಳವಾಗಿ ಮಾತನಾಡುತ್ತಾರೆ. ಅಷ್ಟು ಕಾಲ ಕಾಯುವ ಶಕ್ತಿ ಒಂದು ಋತುವಿಗಾಗಿ ಬಂದ ಕೆಲಸಗಾರನಿಗೆ ಇಲ್ಲ.

ನಮ್ಮವರೂ ಹೀಗೆಯೇ ಹೊರಗೆ ಹೋದವರು. ಮುಂಬಯಿಯ ಹೋಟೆಲುಗಳಿಗೆ ಹೋದ ನಮ್ಮ ಹುಡುಗರಿಗೆ ಅಲ್ಲಿನ ಕನ್ನಡ ರಾತ್ರಿ ಶಾಲೆಗಳು ಆಸರೆಯಾದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅಲ್ಲಿನ ನಮ್ಮ ನಂಟರು ಕನ್ನಡದಲ್ಲಿ ಅರ್ಜಿ ಬರೆಯುವ ಹಕ್ಕಿಗಾಗಿ ಹೋರಾಡಿದರು. 1969ರ ಕೇರಳದ ಭಾಷಾ ಕಾನೂನಿನಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಆ ಅವಕಾಶ ಬರೆದಿದೆ. ನಮ್ಮವರಿಗಾಗಿ ನಾವು ಕೇಳಿದ ನ್ಯಾಯವನ್ನು ನಮ್ಮಲ್ಲಿಗೆ ಬಂದವರಿಗೆ ಕೊಡುವುದು ಧರ್ಮ. ಅದೇ ಕೇರಳದಲ್ಲಿ ಸಾಕ್ಷರತಾ ಮಿಷನ್ 2017ರಲ್ಲಿ ಪೆರುಂಬಾವೂರಿನಲ್ಲಿ ‘ಚಙಾತಿ’, ಎಂದರೆ ಗೆಳೆಯ, ಎಂಬ ಯೋಜನೆ ಆರಂಭಿಸಿ ಹೊರರಾಜ್ಯದ ಕೆಲಸಗಾರರಿಗೆ ಮಲೆಯಾಳ ಕಲಿಸಿತು.

ಕಾನೂನು ಏನು ಹೇಳುತ್ತದೆ

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾನೂನು ಗುತ್ತಿಗೆದಾರರ ಮೂಲಕ ಬಂದವರನ್ನು ಮಾತ್ರ ಗಣಿಸುತ್ತಿತ್ತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದಿದೆ. ತಾನಾಗಿ ಬಂದವನೂ ಈಗ ವಲಸೆ ಕೆಲಸಗಾರನೇ. ಆದರೆ ವರ್ಷಕ್ಕೊಮ್ಮೆ ಊರಿನ ಪ್ರಯಾಣ ವೆಚ್ಚ ಮುಂತಾದ ಸೌಲಭ್ಯಗಳು, ಅಂತಹ ಹತ್ತು ಅಥವಾ ಹೆಚ್ಚು ಮಂದಿ ಇರುವ ಕಡೆಗೆ ಮಾತ್ರ ಅನ್ವಯಿಸುತ್ತವೆ. ಇಬ್ಬರು ಮೂವರನ್ನು ಇಟ್ಟುಕೊಂಡಿರುವ ನಮ್ಮ ತೋಟಗಳು ಅದರ ಹೊರಗೆ ಉಳಿಯುತ್ತವೆ. ಆದುದರಿಂದ ಇಲ್ಲಿ ಊರಿನ ಒಳ್ಳೆಯ ಪದ್ಧತಿಯೇ ಕಾವಲು.

ಆದರೂ ಕೆಲವು ಹಕ್ಕುಗಳಿಗೆ ತಲೆ ಎಣಿಕೆಯಿಲ್ಲ. ಸರಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ. ಮುಂಗಡ ಕೊಟ್ಟಿದ್ದೇವೆಂದು ಆಧಾರ್ ಚೀಟಿಯನ್ನಾಗಲಿ ಮನುಷ್ಯನನ್ನಾಗಲಿ ಹಿಡಿದಿಡುವಂತಿಲ್ಲ. ಜೀತವನ್ನು 1976ರ ಕಾನೂನು ರದ್ದುಮಾಡಿದೆ. ಅಹವಾಲನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ.

ನಾವು ಮಾಡಬೇಕಾದುದು

ಒಂದನೆಯದಾಗಿ, ಪ್ರತಿ ಕೆಲಸಗಾರನಿಗೆ ಎರಡಾಣೆ ಗಾತ್ರದ ಸಣ್ಣ ಪುಸ್ತಕವಾದರೂ ಸಾಕು, ಒಂದು ಲೆಕ್ಕ ಪುಸ್ತಕವಿರಲಿ. ತಾರೀಕು, ಪೂರ್ತಿ ದಿನವೋ ಅರ್ಧ ದಿನವೋ, ಕೂಲಿ, ಮುಂಗಡ, ಬಾಕಿ ಇಷ್ಟೇ ಕಲಮುಗಳು. ತಲೆಬರಹ ಕನ್ನಡದಲ್ಲೂ ಅವನ ಭಾಷೆಯಲ್ಲೂ ಇರಲಿ. ‘ನಿನ್ನೆ’, ‘ನಾಳೆ’ ಬೇಡ, ತಾರೀಕನ್ನೇ ಬರೆಯಿರಿ. ವಾರಕ್ಕೊಮ್ಮೆ ಇಬ್ಬರೂ ಸಹಿ ಹಾಕಿರಿ. ಪುಸ್ತಕ ಅವನ ಬಳಿಯೇ ಇರಲಿ.

ಎರಡನೆಯದಾಗಿ, ವಿವಾದ ಬಂದಾಗ ಮೇಸ್ತ್ರಿಯನ್ನಾಗಲಿ ಯಜಮಾನರ ಮನೆಯವರನ್ನಾಗಲಿ ದುಭಾಷಿಯಾಗಿ ಕೂರಿಸಬೇಡಿ. ಯಾವ ಪಕ್ಷಕ್ಕೂ ಸೇರದವರು ಬೇಕು. ಬರೆದುದನ್ನು ಅವನ ಭಾಷೆಯಲ್ಲಿ ಓದಿ ಹೇಳಿ, ಅವನು ತನ್ನ ಮಾತಿನಲ್ಲಿ ತಿರುಗಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಹಾಕಿಸತಕ್ಕದ್ದು.

ಮೂರನೆಯದಾಗಿ, ವಿಷದ ಡಬ್ಬಗಳ ವಿಷಯ. ಅದರ ಮೇಲಿನ ಬರಹ ಅವನಿಗೆ ಓದಲು ಬಾರದಿರಬಹುದು. ಬಣ್ಣ ಎಲ್ಲರಿಗೂ ತಿಳಿಯುತ್ತದೆ. ಕೆಂಪು ತ್ರಿಕೋನ ಅತ್ಯಂತ ವಿಷ, ಹಳದಿ ಹೆಚ್ಚು ವಿಷ, ನೀಲಿ ಮಧ್ಯಮ, ಹಸುರು ಅಲ್ಪ. ಹಸುರೆಂದರೆ ವಿಷವೇ ಇಲ್ಲವೆಂದು ತಿಳಿಯಬಾರದು. ಸಿಂಪಡಣೆಗೆ ಮೊದಲು ಇದನ್ನು ತೋರಿಸಿ, ಕೈಗವಸು, ಮುಖವಸ್ತ್ರ ಕೊಟ್ಟು, ಸೋಪು ನೀರು ಸಿದ್ಧವಿಡಿ.

ನಾಲ್ಕನೆಯದಾಗಿ, ‘ಒಂದು ದೇಶ ಒಂದು ಪಡಿತರ ಚೀಟಿ’ ಯೋಜನೆಯಂತೆ, ಅವನ ಊರಿನ ಆಹಾರ ಭದ್ರತಾ ಚೀಟಿಯಲ್ಲಿ ಹೆಸರಿದ್ದು ಆಧಾರ್ ಜೋಡಣೆಯಾಗಿದ್ದರೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ತನ್ನ ಪಾಲಿನ ಧಾನ್ಯ ಪಡೆಯಬಹುದು. 16ರಿಂದ 59 ವರ್ಷದೊಳಗಿನ ಅಸಂಘಟಿತ ಕೆಲಸಗಾರರು ಇ-ಶ್ರಮ್ ನೋಂದಣಿ ಮಾಡಿಸಬೇಕು. 2025ರ ಜನವರಿಯಿಂದ ಅದು ಸಂವಿಧಾನದ 22 ಭಾಷೆಗಳಲ್ಲಿಯೂ, ಎಂದರೆ ಸಂತಾಲಿಯಲ್ಲಿಯೂ, ದೊರೆಯುತ್ತದೆ.

ಐದನೆಯದಾಗಿ, ಮರದಿಂದ ಬಿದ್ದ, ಕೋರೆಯಲ್ಲಿ ಗಾಯಗೊಂಡ ಪ್ರಕರಣಗಳಲ್ಲಿ ಆಸ್ಪತ್ರೆಯ ಚೀಟಿ, ಬಿದ್ದ ಜಾಗ, ತಾರೀಕು, ಕಂಡವರ ಹೆಸರು ಇವನ್ನು ಅಂದೇ ಬರೆದಿಡಿ. ಪರಿಹಾರದ ಅರ್ಜಿಗೆ ಕಾಲಮಿತಿಯಿದೆ. ಉಚಿತ ಕಾನೂನು ನೆರವಿಗೆ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು, 15100ಕ್ಕೆ ಫೋನು ಮಾಡಬಹುದು.

ಬಾಂಧವರೇ, ಸಹಿಯಿರುವ ಲೆಕ್ಕ ಯಜಮಾನನಿಗೂ ರಕ್ಷಣೆ. ಸರಿಯಾಗಿ ಕೂಲಿ ಕೊಟ್ಟವನ ಮೇಲೆ ಸುಳ್ಳು ದೂರು ನಿಲ್ಲದು. ಮುಂದಿನ ಮಳೆಗಾಲಕ್ಕೆ ಔಷಧಿ ಸಿಂಪಡಿಸಲು ಯಾರು ಸಿಗುತ್ತಾರೆ ಎಂದು ತಾವು ಚಿಂತಿಸುತ್ತೀರಿ. ಲೆಕ್ಕ ನೇರಾದ ತೋಟಕ್ಕೆ ಕೆಲಸಗಾರ ತಾನೂ ಮರಳಿ ಬರುತ್ತಾನೆ, ತಮ್ಮನನ್ನೂ ಕರೆತರುತ್ತಾನೆ. ಬೇರೆ ಬೇರೆ ಭಾಷೆಗಳಲ್ಲಿ ತಲೆಬರಹ ಬರೆದ ಮಾದರಿ ಹಾಳೆ ನನ್ನ ಬಳಿ ಇದೆ. ಬೇಕಾದವರು ಕೇಳಿ ಪಡೆಯಬೇಕಾಗಿ ವಿನಂತಿ. ಬರುವ ಶನಿವಾರದ ಬಟವಾಡೆಯಿಂದಲೇ ಇದನ್ನು ಆರಂಭಿಸೋಣ.