ಹೆಜ್ಜೆಗೆ ಹೆಜ್ಜೆ: ಹಳೆಯ ಹಾಲಿವುಡ್ಡಿನ ನೃತ್ಯ ಜೋಡಿಗಳು

(ನಮ್ಮ ವಾರ್ಷಿಕ ಸಹಾಯಾರ್ಥ ಸಂಜೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಮುಂದಿನ ಸಾಲಿನಲ್ಲಿರುವ ಹಿರಿಯರಿಗೆ ವಂದನೆಗಳು, ಹಿಂದಿನ ಸಾಲಿನಲ್ಲಿ ಈಗಾಗಲೇ ಫೋನು ಕೈಗೆತ್ತಿಕೊಂಡಿರುವ ಮಕ್ಕಳಿಗೂ ನಮಸ್ಕಾರ. ಬಿಸಿಬೇಳೆಭಾತ್ ಆರುವುದರೊಳಗೆ ಭಾಷಣ ಮುಗಿಯಬೇಕೆಂದು ಸಮಿತಿಯ ಅಪ್ಪಣೆಯಾಗಿದೆ. ಪ್ರಯತ್ನ ಮಾಡುತ್ತೇವೆ.

"ನಾವು" ಎಂದರೆ ಐದು ಮನೆಯವರು. ತಿಂಗಳಿಗೊಂದು ಶನಿವಾರ ಯಾರಾದರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಸೇರಿ ಹಳೆಯ ಹಾಲಿವುಡ್ ನೃತ್ಯಚಿತ್ರ ನೋಡುತ್ತೇವೆ. ಬಂದವರು ಬಾಗಿಲ ಬಳಿಯ ಡಬ್ಬಿಗೆ ಕೈಲಾದಷ್ಟು ಹಾಕುತ್ತಾರೆ, ಅದು ಈ ಸಂಸ್ಥೆಗೆ ಬರುತ್ತದೆ. ಇದನ್ನು ಶುರು ಮಾಡಿದ್ದು ನಿಜವಾಗಿ ನಮ್ಮ ಅಪ್ಪ ಅಮ್ಮಂದಿರಿಗಾಗಿ. ಆರು ತಿಂಗಳಿಗೆಂದು ಬಂದವರು ಚಳಿಗಾಲದಲ್ಲಿ ಸಿಕ್ಕಿಬಿದ್ದರೆ ಹೊರಗೆ ಕಾಲಿಡುವಂತಿಲ್ಲ, ಮಾತಾಡೋಣವೆಂದರೆ ಮನೆಯಲ್ಲಿ ಜನರಿಲ್ಲ, ಟಿವಿ ಹಾಕಿದರೆ ಅಮೆರಿಕನ್ ಇಂಗ್ಲಿಷ್ ಕಿವಿಗೆ ಹತ್ತುವುದಿಲ್ಲ. ಕುಣಿತಕ್ಕಾದರೆ ಸಬ್‌ಟೈಟಲ್ ಬೇಡವಲ್ಲ ಎಂದುಕೊಂಡೆವು. ಹಾಗೇ ಆಯಿತು. ಕಪ್ಪು ಬಿಳುಪು ಎಂದರೆ ಮೂಗು ಮುರಿಯುವ ನಮ್ಮ ಮಕ್ಕಳು, ಅಜ್ಜಿ ನಗುವುದನ್ನು ನೋಡುವುದಕ್ಕೆಂದೇ ಬಂದು ಕೂರತೊಡಗಿದರು.

ಮೊದಲು ಫ್ರೆಡ್ ಆಸ್ಟೇರ್ ಮತ್ತು ಜಿಂಜರ್ ರಾಜರ್ಸ್. 1899ರಲ್ಲಿ ನೆಬ್ರಾಸ್ಕಾದ ಒಮಾಹಾದಲ್ಲಿ ಹುಟ್ಟಿದ ಆಸ್ಟೇರ್ ಚಿಕ್ಕಂದಿನಿಂದಲೂ ಅಕ್ಕ ಅಡೆಲ್ ಜೊತೆ ರಂಗದ ಮೇಲೆ ಕುಣಿದವರು. ಆ ಕಾಲಕ್ಕೆ ದೊಡ್ಡ ತಾರೆ ಅಕ್ಕನೇ. 1932ರಲ್ಲಿ ಆಕೆ ಒಬ್ಬ ಇಂಗ್ಲಿಷ್ ಲಾರ್ಡ್‌ನನ್ನು ಮದುವೆಯಾಗಿ ರಂಗ ಬಿಟ್ಟರು. ಮೂವತ್ಮೂರು ವರ್ಷದ ತಮ್ಮ ಒಂಟಿಯಾಗಿ ಹಾಲಿವುಡ್ಡಿಗೆ ಬಂದರು. ಇನ್ನೊಂದು ಜೋಡಿಗೆ ಕಟ್ಟುಬೀಳುವ ಮನಸ್ಸು ಅವರಿಗಿರಲಿಲ್ಲ. ಆದರೆ 1933ರ 'ಫ್ಲೈಯಿಂಗ್ ಡೌನ್ ಟು ರಿಯೋ' ಚಿತ್ರದಲ್ಲಿ ನಾಲ್ಕನೆಯ, ಐದನೆಯ ಹೆಸರಾಗಿ ಕಾಣಿಸಿಕೊಂಡ ಈ ಇಬ್ಬರು ಒಂದೇ ಒಂದು ಕುಣಿತದಲ್ಲಿ ನಾಯಕ ನಾಯಕಿಯರನ್ನು ಮರೆಸಿಬಿಟ್ಟರು. ಅದು ಮಹಾ ಆರ್ಥಿಕ ಕುಸಿತದ ಕಾಲ, ಈ ದೇಶದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ, ಚಿತ್ರ ತೆಗೆದ ಆರ್‌ಕೆಓ ಸ್ಟುಡಿಯೋ ಕೂಡ ದಿವಾಳಿಯ ಅಂಚಿನಲ್ಲಿತ್ತು. ಹೊಟ್ಟೆಗಿಲ್ಲದ ಜನ ನಾಣ್ಯ ಕೊಟ್ಟು ಈ ಇಬ್ಬರು ರೇಷ್ಮೆ ಬಟ್ಟೆ ತೊಟ್ಟು ಹೊಳೆಯುವ ನೆಲದ ಮೇಲೆ ತೇಲುವುದನ್ನು ನೋಡಲು ಬಂದರು. 1939ರವರೆಗೆ ಆರ್‌ಕೆಓಗೆ ಒಂಬತ್ತು ಚಿತ್ರ, ಹತ್ತು ವರ್ಷ ಬಿಟ್ಟು 1949ರಲ್ಲಿ ಎಂಜಿಎಂಗೆ ಇನ್ನೊಂದು ವರ್ಣಚಿತ್ರ, ಒಟ್ಟು ಹತ್ತು.

ಕಥೆಯ ಬಗ್ಗೆ ಏನೂ ಕೇಳಬೇಡಿ. ಎಲ್ಲದರಲ್ಲೂ ಅವನು ಇವಳನ್ನು ನೋಡುತ್ತಾನೆ, ಇವಳು ಅವನನ್ನು ಇನ್ಯಾರೋ ಎಂದು ತಪ್ಪು ತಿಳಿಯುತ್ತಾಳೆ, ಕೊನೆಗೆ ಸರಿಹೋಗುತ್ತದೆ. ಆದರೆ ಆ ಕುಣಿತಗಳನ್ನು ಚಿತ್ರಿಸಿದ ರೀತಿ ನೋಡಬೇಕು. ತಲೆಯಿಂದ ಕಾಲಿನವರೆಗೆ ಪೂರ್ತಿ ದೇಹ ಕಾಣಬೇಕು, ಸುಮ್ಮಸುಮ್ಮನೆ ಶಾಟ್ ಕತ್ತರಿಸಬಾರದು ಎಂದು ಆಸ್ಟೇರ್ ಹಟ ಹಿಡಿದಿದ್ದರು. ಕ್ಯಾಮೆರಾ ಸುಮ್ಮನೆ ಜೊತೆಗೆ ಸಾಗುತ್ತದೆ. ಎಡಿಟಿಂಗ್‌ನಲ್ಲಿ ಮುಚ್ಚಿಹಾಕಲು ಅವಕಾಶವೇ ಇಲ್ಲ. ಈಗಿನ ಚಿತ್ರಗಳಲ್ಲಿ ಎರಡು ಸೆಕೆಂಡಿಗೊಮ್ಮೆ ಮೊಣಕೈ, ಕಣ್ಣು, ಡ್ರೋನು ಎಂದು ಹಾರುವುದನ್ನು ನೋಡಿ ಅಭ್ಯಾಸವಾದವರಿಗೆ ಇದು ಮೊದಲು ನಿಧಾನ ಎನಿಸುತ್ತದೆ, ಆಮೇಲೆ ಉಸಿರು ಬಿಗಿಹಿಡಿಯುವಂತಾಗುತ್ತದೆ. ಚುಂಬನ ಇಲ್ಲದಿರುವುದನ್ನೂ ನಮ್ಮ ಹಿರಿಯರು ಮೆಚ್ಚಿದರು! 1938ರ 'ಕೇರ್‌ಫ್ರೀ' ಬರುವ ತನಕ ಅದು ಹೇಳಿಕೊಳ್ಳುವಷ್ಟಿಲ್ಲ, ಪ್ರೇಮವೆಲ್ಲ ಹಾಡು ಕುಣಿತದಲ್ಲೇ. ನಮ್ಮ ಸಿನಿಮಾ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಜಿಂಜರ್ ಬಗ್ಗೆ ನಮಗೊಂದು ತಕರಾರಿದೆ. ನೃತ್ಯ ಕಟ್ಟುತ್ತಿದ್ದವರು ಆಸ್ಟೇರ್ ಮತ್ತು ಹರ್ಮಿಸ್ ಪ್ಯಾನ್. ಜಿಂಜರ್ ಅಷ್ಟರಲ್ಲಿ ಬೇರೆ ಚಿತ್ರದ ಶೂಟಿಂಗಿನಲ್ಲಿರುತ್ತಿದ್ದರು, ಆದ್ದರಿಂದ ಆಕೆಯ ಹೆಜ್ಜೆಗಳನ್ನು ಪ್ಯಾನ್ ಹಾಕುತ್ತಿದ್ದರು. ಆಮೇಲೆ ಆಕೆ ಬಂದು ಅಷ್ಟನ್ನೂ ಕಲಿತು, ಹೈಹೀಲ್ಡ್ ತೊಟ್ಟು, ಮೈತುಂಬ ಮಣಿ ಹೊತ್ತ ಗೌನಿನಲ್ಲಿ, ಹೆಚ್ಚಿನ ಕಡೆ ಹಿಮ್ಮುಖವಾಗಿ ಕುಣಿಯಬೇಕು. 1982ರಲ್ಲಿ ಬಾಬ್ ಥೇವ್ಸ್ ಎಂಬ ವ್ಯಂಗ್ಯಚಿತ್ರಕಾರ ಇದೇ ಮಾತನ್ನು ಒಂದು ಪತ್ರಿಕೆಯ ಚಿತ್ರದಲ್ಲಿ ಹೇಳಿ ಅದು ಗಾದೆಯೇ ಆಗಿಹೋಯಿತು. 1936ರ 'ಸ್ವಿಂಗ್ ಟೈಮ್' ಚಿತ್ರದ ಕೊನೆಯ ಕುಣಿತಕ್ಕೆ ನಲವತ್ತೇಳು ಟೇಕ್ ಆಯಿತು ಎನ್ನುತ್ತಾರೆ. ಮುಗಿಯುವ ಹೊತ್ತಿಗೆ ಆಕೆಯ ಪಾದದಲ್ಲಿ ರಕ್ತ. ಪರದೆಯ ಮೇಲೆ ಮುಖ ನೋಡಿ, ಏನಾದರೂ ಗೊತ್ತಾಗುತ್ತದೆಯೇ? ಇಷ್ಟಾದರೂ ಸಂಭಾವನೆ ಆಸ್ಟೇರ್‌ಗಿಂತ ಕಡಿಮೆ. ಇದನ್ನು ಕೇಳಿ ನಮ್ಮ ಗುಂಪಿನ ಹೆಂಗಸರು, ಆಫೀಸಿನಿಂದ ಬಂದು ಅಡಿಗೆಮನೆಗೆ ನಡೆಯುವವರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡಸರು ಪರದೆ ನೋಡುತ್ತಿದ್ದೆವು.

1940ರ 'ಕಿಟ್ಟಿ ಫಾಯ್ಲ್' ಚಿತ್ರಕ್ಕೆ ಜಿಂಜರ್‌ಗೆ ಶ್ರೇಷ್ಠ ನಟಿ ಆಸ್ಕರ್ ಬಂತು. ಅದರಲ್ಲಿ ಕುಣಿತ ಮುಖ್ಯವೇ ಅಲ್ಲ. ಆಸ್ಟೇರ್‌ಗೆ 1950ರಲ್ಲಿ ಗೌರವ ಆಸ್ಕರ್ ಕೊಟ್ಟಾಗ ಅದನ್ನು ಅವರ ಕೈಗಿತ್ತವರು ಇದೇ ಜಿಂಜರ್. ಪ್ರಾಗ್ ನಗರದಲ್ಲಿ 1996ರಲ್ಲಿ ಮುಗಿದ, ಸೊಂಟ ಬಳುಕಿಸಿದಂತೆ ಕಾಣುವ ಕಟ್ಟಡವೊಂದಿದೆ. ಅದನ್ನು ಜನ ಈಗಲೂ 'ಫ್ರೆಡ್ ಮತ್ತು ಜಿಂಜರ್' ಎನ್ನುತ್ತಾರೆ.

ಇಂಜಿನಿಯರುಗಳಿಗಾಗಿ ಒಂದು ಮಾತು. ಈ ಸಭೆಯಲ್ಲಿ ಇಂಜಿನಿಯರಲ್ಲದವರನ್ನು ಹುಡುಕುವುದೇ ಕಷ್ಟ. 1951ರ 'ರಾಯಲ್ ವೆಡ್ಡಿಂಗ್'ನಲ್ಲಿ ಆಸ್ಟೇರ್ ಕೋಣೆಯ ಗೋಡೆ ಹತ್ತಿ ಚಾವಣಿಯ ಮೇಲೆ ಕುಣಿಯುತ್ತಾರೆ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲ. ಇಡೀ ಕೋಣೆಯನ್ನು ಉರುಳೆಯಂತೆ ತಿರುಗುವ ಉಕ್ಕಿನ ಚೌಕಟ್ಟಿನೊಳಗೆ ಕಟ್ಟಿ, ಕುರ್ಚಿ ಮೇಜುಗಳನ್ನು ಬಿಗಿದು, ಕ್ಯಾಮೆರಾವನ್ನೂ ಕ್ಯಾಮೆರಾಮನ್ನನ್ನೂ ಕೋಣೆಗೇ ಕಟ್ಟಿಹಾಕಿದ್ದರು. ಕೋಣೆ ತಿರುಗಿದರೆ ಕ್ಯಾಮೆರಾವೂ ತಿರುಗುತ್ತದೆ. ಹಾಗಾಗಿ ನೋಡುವವರಿಗೆ ಕೋಣೆ ನಿಂತೇ ಇರುತ್ತದೆ, ಆಸ್ಟೇರ್ ಮಾತ್ರ ಮೇಲೇರುತ್ತಾರೆ. ವಾಸ್ತವದಲ್ಲಿ ಅವರು ಯಾವಾಗಲೂ ಕೆಳಗೇ ಇದ್ದಾರೆ! ನಮ್ಮ ಹುಡುಗರು ಇದನ್ನು ಆರು ಬಾರಿ ಹಿಂದಕ್ಕೆ ತಿರುಗಿಸಿ ನೋಡಿದರು.

ಜೀನ್ ಕೆಲ್ಲಿ ಬೇರೆಯೇ ಜಾತಿಯ ಕಲಾವಿದ. ಪಿಟ್ಸ್‌ಬರ್ಗಿನವರು, ಅಲ್ಲಿನ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪದವೀಧರರು. ಆಸ್ಟೇರ್ ಗಾಳಿಯಲ್ಲಿ ತೇಲಿದರೆ ಕೆಲ್ಲಿ ನೆಲವನ್ನು ಗುದ್ದುತ್ತಾರೆ. 1945ರಲ್ಲಿ ಜೆರ್ರಿ ಇಲಿಯ ಜೊತೆ ಕುಣಿದವರು, 1951ರ 'ಆನ್ ಅಮೆರಿಕನ್ ಇನ್ ಪ್ಯಾರಿಸ್'ನಲ್ಲಿ ಲೆಸ್ಲಿ ಕ್ಯಾರನ್ ಜೊತೆ ಸುಮಾರು ಹದಿನೇಳು ನಿಮಿಷದ ಬ್ಯಾಲೆ ಮಾಡಿದವರು. ಅದು ಶ್ರೇಷ್ಠ ಚಿತ್ರ ಪ್ರಶಸ್ತಿ ಪಡೆಯಿತು. ನಮಗೆ ಮಾತ್ರ ಆ ಬ್ಯಾಲೆ ಸ್ವಲ್ಪ ಉದ್ದವೆನಿಸಿತು. ಅಜ್ಜಂದಿರಲ್ಲಿ ಇಬ್ಬರು ನಿದ್ದೆ ಹೋದರು.

1952ರ 'ಸಿಂಗಿಂಗ್ ಇನ್ ದ ರೇನ್'ನಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಮಳೆಯ ಆ ಪ್ರಸಿದ್ಧ ದೃಶ್ಯದಲ್ಲಿ ಕೆಲ್ಲಿಗೆ ನೂರಮೂರು ಡಿಗ್ರಿ ಜ್ವರವಿತ್ತು. ನಾಯಕಿ ಡೆಬ್ಬಿ ರೆನಾಲ್ಡ್ಸ್‌ಗೆ ಆಗ ಹತ್ತೊಂಬತ್ತು, ಕುಣಿತದಲ್ಲಿ ಪಳಗಿದವರೇ ಅಲ್ಲ. ಕೆಲ್ಲಿಯ ಬೈಗಳಿಗೆ ಬೇಸತ್ತು ಪಿಯಾನೋ ಕೆಳಗೆ ಕುಳಿತು ಅಳುತ್ತಿದ್ದಾಗ, ಆ ದಾರಿಯಲ್ಲಿ ಬಂದ ಆಸ್ಟೇರ್ ಸಮಾಧಾನ ಮಾಡಿ ತಮ್ಮ ಅಭ್ಯಾಸ ನೋಡಲು ಕರೆದರು ಎಂದು ಆಕೆಯೇ ಮುಂದೆ ಹೇಳಿಕೊಂಡಿದ್ದಾರೆ. ಅಷ್ಟು ದೊಡ್ಡ ಕಲಾವಿದನೂ ಬೆವರಿ, ತಪ್ಪಿ, ಮತ್ತೆ ಮಾಡುವುದನ್ನು ಆ ಹುಡುಗಿ ನೋಡಿದಳು. ಭರತನಾಟ್ಯದ ಕ್ಲಾಸಿಗೆ ಮಕ್ಕಳನ್ನು ಕಾರಿನಲ್ಲಿ ಕರೆದೊಯ್ಯುವ ನಮ್ಮಂಥ ತಾಯ್ತಂದೆಯರಿಗೆ ಈ ಪ್ರಸಂಗ ತುಂಬ ಹಿಡಿಸಿತು.

ಆ ಚಿತ್ರದ ಕಥೆ 1927ರಲ್ಲಿ ಟಾಕಿ ಬಂದಾಗಿನ ಪರದಾಟ. ಕೀರಲು ದನಿಯ ತಾರೆಗೆ ಬಡ ನಾಯಕಿ ಮರೆಯಿಂದ ದನಿ ಕೊಡುತ್ತಾಳೆ. ತಮಾಷೆ ಏನೆಂದರೆ, ಹಾಗೆ ದನಿ ಕೊಡುವ ಪಾತ್ರ ಮಾಡಿದ ಡೆಬ್ಬಿಗೇ ಕೆಲವು ಹಾಡುಗಳಲ್ಲಿ ದನಿ ಕೊಟ್ಟವರು ಬೆಟ್ಟಿ ನಾಯ್ಸ್ ಎಂಬ ಗಾಯಕಿ. ಚಿತ್ರದಲ್ಲಿ ಅವರ ಹೆಸರೇ ಇಲ್ಲ. ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ಹೆಸರನ್ನು ರೇಡಿಯೋದವರು ಹಾಡಿಗೆ ಮೊದಲೇ ಹೇಳುತ್ತಿದ್ದ ನಾಡಿನಿಂದ ಬಂದ ನಮಗೆ ಇದು ವಿಚಿತ್ರವಾಗಿ ಕಂಡಿತು.

ಸಿಡ್ ಚರೀಸ್ ಹೆಸರು ಹೇಳದಿದ್ದರೆ ನಮ್ಮ ಗುಂಪಿನ ಒಬ್ಬರು ಈ ರಾತ್ರಿ ಊಟ ಮಾಡುವುದಿಲ್ಲ. ಬಾಲ್ಯದಲ್ಲಿ ಪೋಲಿಯೋ ತಗುಲಿ, ಮೈಗೆ ಬಲ ಬರಲೆಂದು ಬ್ಯಾಲೆ ಕಲಿತ ಟೆಕ್ಸಾಸಿನ ಹುಡುಗಿ. ಆಸ್ಟೇರ್, ಕೆಲ್ಲಿ ಇಬ್ಬರ ಜೊತೆಗೂ ಸರಿಸಮನಾಗಿ ಕುಣಿದ ಕೆಲವೇ ನಟಿಯರಲ್ಲಿ ಒಬ್ಬರು. 1953ರ 'ದ ಬ್ಯಾಂಡ್ ವ್ಯಾಗನ್'ನಲ್ಲಿ ರಾತ್ರಿಯ ಉದ್ಯಾನದಲ್ಲಿ ಇಬ್ಬರು ಸುಮ್ಮನೆ ನಡೆಯುತ್ತಿರುತ್ತಾರೆ. ಆ ನಡಿಗೆ ಯಾವಾಗ ಕುಣಿತವಾಯಿತೆಂದು ಇಂದಿಗೂ ನಮ್ಮಲ್ಲಿ ಒಮ್ಮತವಿಲ್ಲ.

ಈಗ ನಮ್ಮಲ್ಲಿ ನಿಜವಾದ ಜಗಳವಾದ ವಿಷಯಕ್ಕೆ ಬರುತ್ತೇವೆ. ಮೊದಲು ಹೇಳಿದ 'ಸ್ವಿಂಗ್ ಟೈಮ್'ನಲ್ಲೇ, ಬಿಲ್ 'ಬೋಜ್ಯಾಂಗಲ್ಸ್' ರಾಬಿನ್‌ಸನ್ ಎಂಬ ಮಹಾ ಕಪ್ಪು ನರ್ತಕನಿಗೆ ಗೌರವವೆಂದು ಆಸ್ಟೇರ್ ಮುಖಕ್ಕೆ ಕಪ್ಪು ಬಳಿದುಕೊಂಡು ಕುಣಿಯುತ್ತಾರೆ. ಹಿಂದೆ ಮೂರು ದೈತ್ಯ ನೆರಳುಗಳು, ಕುಣಿತವೇನೋ ಅದ್ಭುತ. ಆದರೆ ನಮ್ಮ ಮಕ್ಕಳು ಇಲ್ಲಿನ ಶಾಲೆಗೆ ಹೋಗುವ ಕಂದುಬಣ್ಣದ ಮಕ್ಕಳು. ಅದನ್ನು ಅವರಿಗೆ ತೋರಿಸುವುದೇ ಬೇಡವೇ? ಕತ್ತರಿಸಿ ತೋರಿಸೋಣ, ಸಂತೋಷಕ್ಕೆ ಸೇರುವ ಸಂಜೆಯಲ್ಲಿ ಈ ಕಹಿ ಏಕೆ ಎಂದರು ಒಂದು ಮನೆಯವರು. ಕತ್ತರಿಯ ಕಥೆ ನಮಗೆ ಗೊತ್ತಿದೆ ಎಂದರು ಇನ್ನೊಬ್ಬರು. ಅದೂ ನಿಜವೇ. 1935ರ 'ದ ಲಿಟಲ್ ಕರ್ನಲ್'ನಲ್ಲಿ ರಾಬಿನ್‌ಸನ್ ಆರು ವರ್ಷದ ಶರ್ಲಿ ಟೆಂಪಲ್ ಕೈಹಿಡಿದು ಮೆಟ್ಟಿಲ ಮೇಲೆ ಕುಣಿದದ್ದನ್ನು ದಕ್ಷಿಣದ ರಾಜ್ಯಗಳಲ್ಲಿ ಕತ್ತರಿಸಿ ತೋರಿಸಿದರು. 1948ರ 'ದ ಪೈರೇಟ್'ನಲ್ಲಿ ಕೆಲ್ಲಿ ಇಬ್ಬರು ಕಪ್ಪು ಸಹೋದರರ ಜೊತೆ ಕುಣಿದರೆ ಅದನ್ನೂ ಅಲ್ಲಿ ಕೆಲವು ಊರುಗಳಲ್ಲಿ ತೆಗೆದುಹಾಕಿದರು. ಮರೆಮಾಡಿದರೆ ಯಾರನ್ನು ಕಾಪಾಡಿದಂತಾಯಿತು ಎಂಬುದೇ ಪ್ರಶ್ನೆ.

ಎರಡು ವಾರ ಫೋನಿನಲ್ಲಿ ವಾದ ನಡೆಯಿತು. ಕೊನೆಗೆ ಪೂರ್ತಿ ತೋರಿಸುವುದು, ಆದರೆ ಅದಕ್ಕೆ ಮೊದಲು ನಿಜವಾದ ರಾಬಿನ್‌ಸನ್‌ರ ಮೆಟ್ಟಿಲ ಕುಣಿತ ತೋರಿಸುವುದು ಎಂದಾಯಿತು. ಒಪ್ಪದ ಮನೆಯವರು ಆ ಶನಿವಾರ ಬರಲಿಲ್ಲ. ಮುಂದಿನ ತಿಂಗಳು ಬಂದರು, ಅಭಿಪ್ರಾಯ ಬದಲಾಗಿಲ್ಲ, ಬದಲಾಗಲೇಬೇಕೆಂದು ನಾವೂ ಕೇಳಿಲ್ಲ. ಅಂದು ಚಿತ್ರ ಮುಗಿದ ಮೇಲೆ ಹೈಸ್ಕೂಲಿನ ಹುಡುಗಿಯೊಬ್ಬಳು ಕೇಳಿದಳು: "ಗೌರವ ಕೊಡೋದಾದ್ರೆ ಬಣ್ಣ ಯಾಕೆ ಬಳ್ಕೋಬೇಕಿತ್ತು ಅಂಕಲ್, ಅವರನ್ನೇ ಕರೀಬಹುದಿತ್ತಲ್ವಾ?" 1936ರಲ್ಲಿ ರಾಬಿನ್‌ಸನ್ ಬದುಕಿದ್ದರು, ಹಾಲಿವುಡ್ಡಿನಲ್ಲೇ ಚಿತ್ರಗಳಲ್ಲಿ ನಟಿಸುತ್ತಿದ್ದರು. ನಮ್ಮ ಬಳಿ ಉತ್ತರವಿರಲಿಲ್ಲ. ಅವಳ ಅಜ್ಜ, ಚಿತ್ರದುದ್ದಕ್ಕೂ ಒಂದು ಮಾತಾಡದವರು, "ಸರಿಯಾಗಿ ಕೇಳಿದೆ ಮಗು" ಎಂದರು.

ಆ ಇಬ್ಬರು ಕಪ್ಪು ಸಹೋದರರು ಎಂದೆವಲ್ಲ, ಅವರು ಫೇಯಾರ್ಡ್ ಮತ್ತು ಹೆರಾಲ್ಡ್ ನಿಕೊಲಸ್. ಗುರುಮುಖೇನ ಕಲಿತವರಲ್ಲ. ತಂದೆ ತಾಯಿ ಫಿಲಡೆಲ್ಫಿಯಾದ ಒಂದು ರಂಗಮಂದಿರದ ವಾದ್ಯಗೋಷ್ಠಿಯಲ್ಲಿ ನುಡಿಸುತ್ತಿದ್ದರು. ಅಣ್ಣ ಮುಂದೆ ಕುಳಿತು ನೋಡಿ ಕಲಿತ, ತಮ್ಮನಿಗೆ ಕಲಿಸಿದ. ಆದರೂ ಅವರಿಗೆ ಹಾಲಿವುಡ್ಡಿನಲ್ಲಿ ನಾಯಕನ ಪಾತ್ರ ಸಿಗಲಿಲ್ಲ. ಒಂದು ಕುಣಿತ, ಮತ್ತೆ ಹೊರಗೆ. ಕೆನೆಡಿ ಸೆಂಟರ್ ಗೌರವ ಬಂದದ್ದು 1991ರಲ್ಲಿ.

ಇಂದು ಕ್ಲಿಪ್ ತೋರಿಸಲು ನಮಗೆ ಒಂದಕ್ಕೇ ಸಮಯ ಕೊಟ್ಟಿದ್ದಾರೆ. ಆಸ್ಟೇರ್ ಬೇಡ, ಕೆಲ್ಲಿ ಬೇಡ, ಇವರದೇ ಇರಲಿ ಎಂದು ಐದೂ ಮನೆಯವರು, ಹೌದು, ಐದೂ ಮನೆಯವರು ಒಪ್ಪಿದ್ದೇವೆ. 1943ರ 'ಸ್ಟಾರ್ಮಿ ವೆದರ್', ಕ್ಯಾಬ್ ಕ್ಯಾಲೊವೇ ವಾದ್ಯವೃಂದ. ಕೊನೆಯಲ್ಲಿ ದೊಡ್ಡ ದೊಡ್ಡ ಮೆಟ್ಟಿಲುಗಳು ಬರುತ್ತವೆ. ಅಣ್ಣನ ತಲೆಯ ಮೇಲಿಂದ ತಮ್ಮ ಹಾರಿ ಕಾಲು ಚಾಚಿ ಕೂರುತ್ತಾನೆ, ತಮ್ಮನ ಮೇಲಿಂದ ಅಣ್ಣ. ಏಳುವಾಗ ನೆಲಕ್ಕೆ ಕೈ ಊರುತ್ತಾರೆಯೇ ನೋಡಿ. ಮಕ್ಕಳೇ, ಮನೆಗೆ ಹೋಗಿ ಸೋಫಾ ಮೇಲಿಂದ ಪ್ರಯತ್ನಿಸಬೇಡಿ. ಡಬ್ಬಿ ಬಾಗಿಲ ಬಳಿಯೇ ಇದೆ. ದಯವಿಟ್ಟು ಯಾರಾದರೂ ದೀಪ ಆರಿಸಿ.