ಮನೆಯ ಲೆಕ್ಕ ಇಬ್ಬರಿಗೂ ಗೊತ್ತಿರಲಿ

(ಗುಂಡ್ಯದಲ್ಲಿ ಜುಮುಆ ದಿನ ಮಾಡಿದ ಪ್ರವಚನದ ಸಾರ)



ಮೊದಲಾಗಿ ನಮಗೂ ನಿಮಗೂ ತಖ್ವಾದ ವಸಿಯ್ಯತ್ ಮಾಡುತ್ತೇವೆ. ತಖ್ವಾ ಎಂದ ಕೂಡಲೇ ನಮ್ಮ ಮನಸ್ಸು ನಮಾಝ್, ಉಪವಾಸದ ಕಡೆಗೆ ಹೋಗುತ್ತದೆ. ಇಂದು ನಾವು ಮಾತಾಡಲಿರುವುದು ದಿನಸಿ ಅಂಗಡಿಯ ಬಾಕಿ, ಗಾಡಿಯ ಕಂತು, ಅಡವಿಟ್ಟ ಚಿನ್ನ ಇವುಗಳ ಬಗ್ಗೆ. ಇದು ಕೂಡ ತಖ್ವಾದ ವಿಷಯವೇ. ನಾಳೆ ಮಹ್‌ಶರದಲ್ಲಿ ಹಣವನ್ನು ಎಲ್ಲಿಂದ ಗಳಿಸಿದೆ, ಯಾವುದಕ್ಕೆ ಖರ್ಚು ಮಾಡಿದೆ ಎಂದು ಕೇಳಲಾಗುತ್ತದೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಆ ಲೆಕ್ಕ ಕೊಡಬೇಕಾದವನು ಮನೆಯೊಳಗೆ ಒಂದು ಲೆಕ್ಕ ಇಟ್ಟುಕೊಳ್ಳಬೇಡವೇ?

ಕೆಲವು ತಿಂಗಳ ಹಿಂದೆ ಒಂದು ರಾತ್ರಿ ಇಶಾ ನಮಾಝಿನ ಬಳಿಕ ಒಂದು ಯುವ ಜೋಡಿ ನಮ್ಮಲ್ಲಿಗೆ ಬಂತು. ಅವರು ಈ ಜಮಾಅತಿನವರಲ್ಲ. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ, ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇವೆ. ಮದುವೆಯಾಗಿ ಮೂರು ವರ್ಷ, ಒಂದು ಮಗು. ಅವನು ಸಾಲದಲ್ಲಿ ಪಿಕಪ್ ತೆಗೆದು ಬಾಡಿಗೆಗೆ ಓಡಿಸುತ್ತಾನೆ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಉಸ್ತಾದರೇ, ನನ್ನ ಮಹ್ರ್‌ನ ಚಿನ್ನ ಅಡವಿಡಲು ಇವರಿಗೆ ಹಕ್ಕಿದೆಯಾ?"

ಮೂರು ಪವನ್ ಚಿನ್ನ. ಲಾಕರಿನಲ್ಲಿದೆ ಎಂದು ಅವನು ಹೇಳಿದ್ದ. ಒಂದು ನಿಕಾಹ್‌ಗೆ ಹೋಗುವಾಗ ಹಾಕಿಕೊಳ್ಳಬೇಕೆಂದು ಅವಳು ಕೇಳಿದಾಗ, ಎಪ್ಪತ್ತು ಸಾವಿರಕ್ಕೆ ಅಡವಿಟ್ಟು ಒಂದು ವರ್ಷ ಆಗಿದೆ ಎಂದು ಗೊತ್ತಾಯಿತು. ನಾವು ಮಾತು ಮುಂದುವರಿಸಿದಾಗ ಇನ್ನೊಂದು ವಿಷಯವೂ ಹೊರಬಿತ್ತು. ತಂಗಿಯ ಮದುವೆಗೆಂದು ಅವಳೂ ಗಂಡನಿಗೆ ತಿಳಿಸದೆ ಮಹಿಳೆಯರ ಗುಂಪು ಸಾಲದಲ್ಲಿ ಮೂವತ್ತು ಸಾವಿರ ತೆಗೆದಿದ್ದಳು. ವಾರ ವಾರ ಕಂತು ಕಟ್ಟಬೇಕು. ಹೊಲಿಗೆಯ ಹಣ ಸಾಲದಿದ್ದಾಗ ಮನೆ ಖರ್ಚಿನಿಂದ ತೆಗೆದು ಕಟ್ಟುತ್ತಿದ್ದಳು. ಮನೆಯಲ್ಲಿ ಮೀನು ವಾರಕ್ಕೊಮ್ಮೆ ಆಯಿತು. ಯಾಕೆ ಎಂದರೆ ಮೀನಿಗೆ ರೇಟು ಏರಿದೆ ಎನ್ನುತ್ತಿದ್ದಳು. ಅವನೋ, ಕೊಟ್ಟ ಹಣ ಇವಳು ಏನು ಮಾಡುತ್ತಾಳೆ ಎಂದು ಒಳಗೊಳಗೇ ಕುದಿಯುತ್ತಿದ್ದ. ಇಬ್ಬರೂ ಕೆಟ್ಟವರಲ್ಲ. ಇಬ್ಬರೂ ಐದು ಹೊತ್ತಿನ ನಮಾಝಿನವರು. ಆದರೆ ಒಂದೇ ಚಾಪೆಯಲ್ಲಿ ಕೂತು ಉಣ್ಣುವ ಇಬ್ಬರೂ ಎರಡು ಸುಳ್ಳು ಸಾಕಿಕೊಂಡಿದ್ದರು.

ಪ್ರವಾದಿವರ್ಯರು(ಸ) ನಮಾಝಿನಲ್ಲಿ ಸಾಲದಿಂದ ಅಲ್ಲಾಹನ ರಕ್ಷೆ ಬೇಡುತ್ತಿದ್ದರು. ಇಷ್ಟೊಂದು ಸಲ ಸಾಲದಿಂದ ಯಾಕೆ ರಕ್ಷೆ ಬೇಡುತ್ತೀರಿ ಎಂದು ಒಬ್ಬರು ಕೇಳಿದರು. ಸಾಲಗಾರನಾದವನು ಮಾತಾಡಿದರೆ ಸುಳ್ಳು ಹೇಳುತ್ತಾನೆ, ಮಾತು ಕೊಟ್ಟರೆ ತಪ್ಪುತ್ತಾನೆ ಎಂಬರ್ಥದ ಉತ್ತರವನ್ನು ಅವರು ಕೊಟ್ಟರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ಆಯಿಶಾ(ರ) ವರದಿ ಮಾಡಿದ್ದಾರೆ. ಸಾಲದ ಮೊತ್ತಕ್ಕಿಂತ ಅದು ಬಾಯಿಯಿಂದ ಹೊರಡಿಸುವ ಸುಳ್ಳನ್ನು ಅವರು ಹೆದರಿದ್ದರು.

ಇನ್ನು ಆ ಹೆಣ್ಣುಮಗಳ ಪ್ರಶ್ನೆ. ಹಕ್ಕಿಲ್ಲ. ಇದರಲ್ಲಿ ಎರಡು ಮಾತಿಲ್ಲ. ಮಹ್ರ್ ಹೆಂಡತಿಯ ಸೊತ್ತು. ಅದನ್ನು ಸಂತೋಷದಿಂದ ಕೊಟ್ಟುಬಿಡಬೇಕೆಂದೂ, ಅವಳು ತಾನಾಗಿ ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಗಂಡ ಅನುಭವಿಸಬಹುದೆಂದೂ ಸೂರಾ ಅನ್ನಿಸಾಅ್ ನಾಲ್ಕನೆಯ ಆಯತ್ತಿನಲ್ಲಿದೆ. ಕೇಳದೆ ತೆಗೆದರೆ ಅದು ಪರರ ಸೊತ್ತಿಗೆ ಕೈ ಹಾಕಿದಂತೆ. "ನನ್ನ ಹೆಂಡತಿಯಲ್ಲವೇ" ಎನ್ನುವುದು ಉತ್ತರವಾಗುವುದಿಲ್ಲ. ಅವಳ ಹೊಲಿಗೆಯ ದುಡ್ಡು, ಬೀಡಿ ಕಟ್ಟಿದ ದುಡ್ಡು, ತವರಿನವರು ಕೊಟ್ಟ ಬಳೆ ಎಲ್ಲಕ್ಕೂ ಇದೇ ಹುಕ್ಮ್. 2023ರ ಆಗಸ್ಟ್‌ನಿಂದ ಸರಕಾರ ಕೊಡುತ್ತಿರುವ ಗೃಹಲಕ್ಷ್ಮಿಯ ಎರಡು ಸಾವಿರ ಕೂಡ ಯಾರ ಖಾತೆಗೆ ಬರುತ್ತದೋ ಅವರದ್ದು. ಉಮ್ಮನ ಎಟಿಎಂ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಮಕ್ಕಳು ಇಲ್ಲಿ ಇದ್ದರೆ ಅವರೂ ಕೇಳಿಸಿಕೊಳ್ಳಲಿ.

ಮನೆಯ ನಫಖಾ, ಅಂದರೆ ಹೆಂಡತಿ ಮಕ್ಕಳ ಊಟ, ಬಟ್ಟೆ, ವಾಸ, ಗಂಡನ ಹೊಣೆ. ನಮ್ಮ ಶಾಫಿಈ ಮದ್‌ಹಬಿನ ಫಿಖ್‌ಹ್ ಗ್ರಂಥಗಳು ಇದನ್ನು ಬಾಯಿಮಾತಿಗೆ ಬಿಟ್ಟಿಲ್ಲ, ಅಳತೆ ಹಾಕಿವೆ. ಊರಿನ ಮುಖ್ಯ ಧಾನ್ಯದಲ್ಲಿ ದಿನಕ್ಕೆ ಬಡವನಾದರೆ ಒಂದು ಮುದ್ದ್, ಮಧ್ಯಮದವನಾದರೆ ಒಂದೂವರೆ, ಶ್ರೀಮಂತನಾದರೆ ಎರಡು. ಎರಡೂ ಕೈ ಜೋಡಿಸಿ ಹಿಡಿದಾಗ ತುಂಬುವಷ್ಟು ಧಾನ್ಯ ಒಂದು ಮುದ್ದ್. ಅದರೊಂದಿಗೆ ಪದಾರ್ಥ, ಆರು ತಿಂಗಳಿಗೊಮ್ಮೆ ಬಟ್ಟೆ, ತಲೆಗೆ ಎಣ್ಣೆ, ಬಾಚಣಿಗೆಯವರೆಗೆ ಲೆಕ್ಕ ಬರೆದಿದ್ದಾರೆ. ಕೊಡದೆ ಬಿಟ್ಟರೆ ಅದು ಗಂಡನ ಮೇಲೆ ಸಾಲವಾಗಿ ಉಳಿಯುತ್ತದೆ, ದಿನ ಕಳೆಯಿತೆಂದು ಅಳಿದುಹೋಗುವುದಿಲ್ಲ. ಇಲ್ಲೊಂದು ವಿಷಯ ಗಮನಿಸಬೇಕು. ಬಡವನಿಗೆ ಎರಡು ಮುದ್ದಿನ ಭಾರ ಹಾಕಿಲ್ಲ. ಅವರವರ ಅನುಕೂಲಕ್ಕೆ ತಕ್ಕಂತೆ ಖರ್ಚು ಮಾಡಬೇಕೆಂದು ಸೂರಾ ಅತ್ತಲಾಖ್‌ನಲ್ಲಿ ಆದೇಶವಿದೆ. ಹಾಗಾದರೆ ಗಂಡನ ಅನುಕೂಲ ಎಷ್ಟು ಎಂದು ಹೆಂಡತಿಗೆ ಗೊತ್ತಾಗುವುದು ಹೇಗೆ? ಅವನು ಹೇಳಿದರೆ ತಾನೇ?

ಹಿಂದೊಮ್ಮೆ ನಾವು ಈ ಮಾತು ಹೇಳಿದಾಗ ಒಬ್ಬ ಹಿರಿಯರು, "ಉಸ್ತಾದರೇ, ಸಂಪಾದನೆ ಎಷ್ಟೆಂದು ಹೆಂಗಸರಿಗೆ ಹೇಳಿದರೆ ಬೇಡಿಕೆ ಹೆಚ್ಚುತ್ತದೆ" ಎಂದರು. ನಾವು ನೋಡಿದ ಮನೆಗಳಲ್ಲಿ ಆದದ್ದು ಇದಕ್ಕೆ ತಿರುಗಾಮುರುಗ. ಗೊತ್ತಿಲ್ಲದವಳು ಕೇಳುತ್ತಾಳೆ, ಗೊತ್ತಿದ್ದವಳು ಬೇಡ ಎನ್ನುತ್ತಾಳೆ. ಪ್ರವಾದಿವರ್ಯರು(ಸ) ವಫಾತ್ ಆದಾಗ ಅವರ ಯುದ್ಧಕವಚ ಮದೀನಾದ ಒಬ್ಬ ಯಹೂದಿಯ ಬಳಿ ಅಡವಿನಲ್ಲಿತ್ತು. ಮೂವತ್ತು ಸಾಅ್ ಬಾರ್ಲಿಗಾಗಿ. ಇದನ್ನು ನಮಗೆ ತಿಳಿಸಿದವರು ಯಾರು? ಪತ್ನಿ ಆಯಿಶಾ(ರ). ಯಾವ ವಸ್ತು, ಯಾರ ಬಳಿ, ಎಷ್ಟಕ್ಕೆ ಎಲ್ಲವೂ ಅವರಿಗೆ ಗೊತ್ತಿತ್ತು. ಇನ್ನೊಂದನ್ನೂ ನೋಡಿ. ಅಡವಿಟ್ಟದ್ದು ತನ್ನ ಸ್ವಂತ ಕವಚವನ್ನು.

ಆ ಜೋಡಿಯ ವಿಷಯಕ್ಕೆ ಮರಳೋಣ. ನಾವು ಒಂದು ಖಾಲಿ ನೋಟ್‌ಬುಕ್ ಕೊಟ್ಟು ಎದುರಿಗೇ ಬರೆಯಿಸಿದೆವು. "ತಿಂಗಳಿಗೆ ಎಷ್ಟು ಬರುತ್ತದೆ?" ಎಂದರೆ ಅವನು ಥಟ್ಟನೆ ಮೂವತ್ತು ಸಾವಿರ ಎಂದ. ಡೀಸೆಲ್ ಕಳೆದು. ಜೂನ್‌ನಲ್ಲಿ ಎಷ್ಟು ಎಂದು ಕೇಳಿದೆವು. ಸುಮ್ಮನಾದ.

ಗುಂಡ್ಯದ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮದು ಹೆದ್ದಾರಿಯನ್ನು ನಂಬಿ ಬದುಕುವ ಊರು. ಲಾರಿ, ಹೋಟೆಲ್, ಪಂಕ್ಚರ್ ಅಂಗಡಿ, ಸುಬ್ರಹ್ಮಣ್ಯಕ್ಕೆ ಹೋಗಿಬರುವವರ ಬಾಡಿಗೆ, ಇಲ್ಲದಿದ್ದರೆ ರಬ್ಬರ್ ಟ್ಯಾಪಿಂಗ್, ಅಡಿಕೆ ತೋಟದ ಕೆಲಸ. ಮಳೆ ಹಿಡಿದರೆ ಟ್ಯಾಪಿಂಗ್ ನಿಲ್ಲುತ್ತದೆ, ಘಾಟಿಯಲ್ಲಿ ಗುಡ್ಡ ಜರಿದರೆ ರಸ್ತೆ ನಿಲ್ಲುತ್ತದೆ. 2015ರಲ್ಲಿ ಕಾಂಕ್ರೀಟ್ ಕಾಮಗಾರಿಗೆಂದು ಶಿರಾಡಿ ಘಾಟಿ ತಿಂಗಳುಗಟ್ಟಲೆ ಮುಚ್ಚಿತು. 2018ರಲ್ಲಿ ಜನವರಿಯಿಂದ ಜುಲೈವರೆಗೆ ಮತ್ತೆ ಮುಚ್ಚಿ, ತೆರೆಯಿತು ಎನ್ನುವಷ್ಟರಲ್ಲಿ ಆಗಸ್ಟ್‌ನ ಭೂಕುಸಿತಕ್ಕೆ ಮತ್ತೆ ಬಂದ್ ಆಯಿತು. ಆ ವರ್ಷ ರಸ್ತೆಬದಿಯ ಎಷ್ಟು ಒಲೆಗಳು ಆರಿದ್ದವು ಎಂದು ಇಲ್ಲಿ ಕೂತಿರುವ ಹಲವರಿಗೆ ನೆನಪಿದೆ.

ಅವನಿಗೆ ಎಂಟು ತಿಂಗಳು ಮೂವತ್ತು ಸಾವಿರದಂತೆ ಬರುತ್ತದೆ, ಮಳೆಯ ನಾಲ್ಕು ತಿಂಗಳು ಹದಿನಾಲ್ಕು ಸಾವಿರದಂತೆ. ಕೂಡಿಸಿದರೆ ವರ್ಷಕ್ಕೆ 2,96,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 24,600 ಚಿಲ್ಲರೆ. ಅಂದರೆ ಅವನು ಮೂರು ವರ್ಷ ಮೂವತ್ತು ಸಾವಿರದವನಂತೆ ಬದುಕಿದ್ದ, ಆದರೆ ಅಲ್ಲಾಹನು ಕೊಟ್ಟ ರಿಝ್ಕ್ 24,600 ಆಗಿತ್ತು. ನಡುವಿನ ಅಂತರವನ್ನು ತುಂಬಿದ್ದು ಅವಳ ಚಿನ್ನ. ಅಡವಿನ ಹಣ ಹೋದದ್ದು ದುಶ್ಚಟಕ್ಕಲ್ಲ. ಎರಡು ಮಳೆಗಾಲದ ಗಾಡಿ ಕಂತಿಗೆ, ಕಂತಿನಲ್ಲಿ ತೆಗೆದ ಒಂದು ಮೊಬೈಲಿಗೆ, ಸ್ನೇಹಿತರ ಮದುವೆಗಳ ಉಡುಗೊರೆಗೆ.

ಖರ್ಚು ಬರೆದೆವು. ಮನೆ ಬಾಡಿಗೆ 4,500. ಗಾಡಿಯ ಕಂತು 8,200. ಅಕ್ಕಿ, ಮೀನು, ಹಾಲು, ದಿನಸಿ, ಮಗುವಿನದ್ದು ಸೇರಿ 7,000. ಅವನ ಉಮ್ಮನಿಗೆ 2,500. ಕರೆಂಟ್, ಫೋನ್ 700. ಒಟ್ಟು 22,900. ಉಮ್ಮನಿಗೆ ಕೊಡುವುದರಲ್ಲಿ ಕಡಿತ ಮಾಡೋಣವೇ ಎಂದು ಅವನು ಕೇಳಿದಾಗ ಬೇಡ ಎಂದವಳು ಅವಳೇ. ಹಾಗಾದರೆ ಒಳ್ಳೆಯ ತಿಂಗಳಲ್ಲಿ 7,100 ಉಳಿಯಬೇಕು, ಮಳೆಯ ತಿಂಗಳಲ್ಲಿ 8,900 ಕಡಿಮೆ ಬೀಳುತ್ತದೆ. ಎಂಟು ತಿಂಗಳು ಉಳಿಸಿದ 56,800ರಲ್ಲಿ ಮಳೆಗಾಲಕ್ಕೆ 35,600 ತೆಗೆದಿಟ್ಟರೆ ವರ್ಷದ ಕೊನೆಗೆ 21,200 ಸಾಲ ತೀರಿಸಲು ಸಿಗುತ್ತದೆ. ಅಷ್ಟೇ. ಅದಕ್ಕಿಂತ ಹೆಚ್ಚಿಲ್ಲ. ಆ ಅಂಕಿಯನ್ನು ಇಬ್ಬರೂ ತುಂಬಾ ಹೊತ್ತು ನೋಡುತ್ತಾ ಕೂತರು.

ಮಳೆಗಾಲಕ್ಕೆ ಮೊದಲೇ ತೆಗೆದಿಡುವುದು ನಮ್ಮ ಹಿರಿಯರಿಗೆ ಹೊಸದಲ್ಲ. ಒಣಮೀನು, ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಸೊಳೆ, ಕಟ್ಟಿಗೆ, ಕುಚ್ಚಲಕ್ಕಿ ಎಲ್ಲವನ್ನೂ ಮೇ ತಿಂಗಳೊಳಗೆ ಅಟ್ಟಕ್ಕೆ ಏರಿಸುತ್ತಿದ್ದರು. ಆಟಿ ತಿಂಗಳ ಹಸಿವು ಅವರಿಗೆ ಗೊತ್ತಿತ್ತು. ಸಂಬಳ ಮೊಬೈಲಿಗೆ ಬರತೊಡಗಿದ ಮೇಲೆ ಅಟ್ಟವೂ ಹೋಯಿತು, ಆ ಬುದ್ಧಿಯೂ ಹೋಯಿತು. ಉಳಿತಾಯ ತವಕ್ಕುಲ್‌ಗೆ ವಿರುದ್ಧವಲ್ಲವೇ ಎಂದು ಕೆಲವರು ಕೇಳುವುದುಂಟು. ಬನೂ ನಝೀರ್‌ನಿಂದ ದೊರೆತ ತೋಟದ ಆದಾಯದಲ್ಲಿ ಪ್ರವಾದಿವರ್ಯರು(ಸ) ಮನೆಯವರಿಗೆ ಒಂದು ವರ್ಷದ ಆಹಾರ ತೆಗೆದಿಡುತ್ತಿದ್ದರೆಂದು ಉಮರ್(ರ) ವರದಿ ಮಾಡಿದ್ದಾರೆ. ಅವರಿಗಿಂತ ದೊಡ್ಡ ತವಕ್ಕುಲ್ ಯಾರಿಗಿದೆ?

ಈಗ ಚಿನ್ನ. ವರ್ಷಕ್ಕೆ 21,200ರಲ್ಲಿ ಒಂದು ಲಕ್ಷದ ಸಾಲ ತೀರಿಸಲು ಐದು ವರ್ಷ ಬೇಕು, ಅಷ್ಟರಲ್ಲಿ ಬಡ್ಡಿ ಬೆಳೆಯುತ್ತದೆ. ಬಡ್ಡಿ ಕೊಡುವುದೂ ಹರಾಮ್ ಎಂಬುದನ್ನು ನಾವು ಮರೆತಂತೆ ನಡೆಯುತ್ತಿದ್ದೇವೆ. ಚಿನ್ನದ ಬೆಲೆ ಏರಿದ್ದರಿಂದ ಮೂರರಲ್ಲಿ ಒಂದು ಪವನ್ ಮಾರಿದರೆ ಅಡವು ಬಿಡಿಸಬಹುದಿತ್ತು, ಎರಡು ಪವನ್ ಮನೆಗೆ ಬರುತ್ತಿತ್ತು. ಆದರೆ ಮಾರಲು ಅವಳು ಒಪ್ಪಬೇಕು. ನಾವು ಒತ್ತಾಯ ಮಾಡಲಿಲ್ಲ, ಅವನಿಗೂ ಒತ್ತಾಯ ಮಾಡಬಾರದೆಂದು ಹೇಳಿದೆವು. ಅವಳು ನಾಲ್ಕು ದಿನ ತೆಗೆದುಕೊಂಡಳು. ಐದನೆಯ ದಿನ ಒಪ್ಪಿದಳು, ದಾನವಾಗಿ ಅಲ್ಲ, ಸಾಲವಾಗಿ. ನಮಗೆ ಅದು ಸರಿ ಎನಿಸಿತು. ಸಾಲವನ್ನು ಬರೆದಿಡಬೇಕೆಂಬುದು ಕುರ್‌ಆನಿನ ಅತಿ ದೀರ್ಘ ಆಯತ್ತಿನ ವಿಷಯ. ಗಂಡ ಹೆಂಡತಿಗೆ ಅದರಲ್ಲಿ ವಿನಾಯಿತಿ ಇಲ್ಲ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದೆವು: ಹೆಂಡತಿಗೆ ಕೊಡಬೇಕಾದದ್ದು ಎಂಟು ಗ್ರಾಂ ಚಿನ್ನ. ರೂಪಾಯಿ ಎಂದು ಬರೆಯಲಿಲ್ಲ. ತೆಗೆದದ್ದು ಚಿನ್ನ, ಹಿಂದೆ ಕೊಡಬೇಕಾದದ್ದೂ ಚಿನ್ನ. ಇಬ್ಬರು ಸಾಕ್ಷಿ ಹಾಕಿದರು.

ಅವಳ ಗುಂಪು ಸಾಲ ಅವಳದೇ, ಗಂಡನ ಮೇಲೆ ಬರುವುದಿಲ್ಲ. ಆದರೂ ಮೊದಲ ವರ್ಷದ 21,200 ಅದಕ್ಕೇ ಹೋಗಲಿ ಎಂದು ಅವನು ಹೇಳಿದ. ವಸೂಲಿಯ ಕಿರುಕುಳ ಮಿತಿ ಮೀರಿದ್ದರಿಂದ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಾಗಿಲಿಗೆ ಬಂದು ಕೊಡುವ ಸಾಲ ಬಾಗಿಲಿಗೇ ಬಂದು ಕೇಳುತ್ತದೆ. ಕೆಲವು ಜಮಾಅತ್‌ಗಳಲ್ಲಿ ಬಡ್ಡಿರಹಿತ ಸಾಲದ ನಿಧಿ ಇದೆ. ಮಸೀದಿಗೆ ಎರಡನೆಯ ಮಿನಾರ ಕಟ್ಟುವ ಮೊದಲು ನಾವೂ ಅದರ ಬಗ್ಗೆ ಕೂತು ಯೋಚಿಸಬೇಕು. ಇದನ್ನು ಕಮಿಟಿಯವರ ಎದುರೇ ಹೇಳುತ್ತಿದ್ದೇವೆ.

ಮನೆಯಲ್ಲಿ ಇದನ್ನು ಓದುತ್ತಿರುವ ಸಹೋದರಿಯರೇ, ನಿಮ್ಮ ದುಡಿಮೆ ನಿಮ್ಮದು ಎಂದೆವು. ಮನೆಗೆ ಕೊಡಬಾರದು ಎಂದಲ್ಲ. ಇಬ್ನ್ ಮಸ್ಊದರ(ರ) ಪತ್ನಿ ಝೈನಬ್(ರ) ತನ್ನ ಹಣವನ್ನು ಗಂಡನಿಗೂ ತನ್ನ ಆಶ್ರಯದ ಅನಾಥ ಮಕ್ಕಳಿಗೂ ಖರ್ಚು ಮಾಡಿದರೆ ಸದಖಾ ಆಗುತ್ತದೆಯೇ ಎಂದು ಬಿಲಾಲ್(ರ) ಮೂಲಕ ಕೇಳಿಸಿದಾಗ, ಎರಡು ಪ್ರತಿಫಲವಿದೆ ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಕೊಡಿ, ಆದರೆ ತಿಳಿದು ಕೊಡಿ. ತವರಿಗೆ ಕೊಡುವುದಿದ್ದರೂ ಮುಚ್ಚಿಟ್ಟು ಕೊಡಬೇಡಿ.

ಆ ಜೋಡಿ ಈಗ ಪ್ರತಿ ತಿಂಗಳ ಮೊದಲ ಜುಮುಆ ರಾತ್ರಿ ಮಗು ಮಲಗಿದ ಮೇಲೆ ನೋಟ್‌ಬುಕ್ ತೆರೆಯುತ್ತದೆ. ಜಗಳ ಪೂರ್ತಿ ನಿಂತಿಲ್ಲ. ಕಳೆದ ತಿಂಗಳು ಟಯರ್ ವಿಷಯಕ್ಕೆ ಜಗಳವಾಯಿತಂತೆ. ಅವಳೇ ಫೋನ್ ಮಾಡಿ ಹೇಳಿದಳು, ನಗುತ್ತಾ.

ಇಂಥ ವಿಷಯ ಮಾತಾಡಬೇಕಾದವರು ಯಾವ ದಿನವೂ ಇಶಾ ಬಳಿಕ ನಮ್ಮಲ್ಲಿಗೆ ಬರಬಹುದು. ಒಬ್ಬರೇ ಬರಬೇಡಿ, ಇಬ್ಬರೂ ಬನ್ನಿ. ಲೆಕ್ಕ ಬರೆದಿಟ್ಟಿಲ್ಲ ಎಂದು ಹಿಂಜರಿಯಬೇಡಿ, ಅಂಗಡಿಯ ಚೀಟಿಗಳನ್ನು ತಂದರೆ ಸಾಕು. ನೋಟ್‌ಬುಕ್ ನಾವು ಕೊಡುತ್ತೇವೆ.